ಪದಚರ್ಚೆ: ‘ಫೀಟಲ್ ಝೋನ್’ಗೆ ಕನ್ನಡದಲ್ಲಿ ಏನನ್ನೋಣ? (ನಾಳೆ ಸಂಜೆಗೆ ಬೇಕು)

ಎಲ್ಲರಿಗೂ ನಮಸ್ಕಾರ. ಮಂಡ್ಯದ ಒಂದು ಕಾಲೇಜಿನ ವಿಜ್ಞಾನ ಪ್ರದರ್ಶನಕ್ಕೆ ಬೋರ್ಡು ಬರೆದುಕೊಡುತ್ತಿದ್ದೇನೆ. ವಿಷಯ, ತಾಯಿ ಹೊಟ್ಟೆಯಲ್ಲಿರುವ ಮಗುವಿನ ಅಡ್ರಿನಲ್ ಗ್ರಂಥಿ (ಕಿಡ್ನಿ ಮೇಲೆ ಕೂತಿರುವುದು) ಹಾರ್ಮೋನ್ ತಯಾರಿಸುವ ಬಗೆ. ಫ್ಲೆಕ್ಸಿನವನು ನಾಳೆ ಸಂಜೆಗೆ ಫೈಲು ಕೇಳಿದ್ದಾನೆ.

ಸಿಕ್ಕಿಕೊಂಡಿರುವುದು ಎರಡೇ ಪದದಲ್ಲಿ. ಮಗು ಹೊಟ್ಟೆಯಲ್ಲಿರುವಾಗ ಈ ಗ್ರಂಥಿಯ ಕಾರ್ಟೆಕ್ಸಿನಲ್ಲಿ, ಅಂದರೆ ಹೊರಭಾಗದಲ್ಲಿ, ಒಳಗಿನ ದಪ್ಪನೆಯ ಪದರ ಫೀಟಲ್ ಝೋನ್. ನೂರಕ್ಕೆ 80 ಪಾಲು ಅದೇ. ಹುಟ್ಟಿದ ಕೆಲವು ತಿಂಗಳಲ್ಲಿ ಅದು ಇಲ್ಲವಾಗುತ್ತದೆ. ಹೊರಗಿನ ತೆಳ್ಳನೆಯದು ಡೆಫಿನಿಟಿವ್ ಝೋನ್. ನಾನು ‘ಭ್ರೂಣ ವಲಯ’, ‘ನಿರ್ದಿಷ್ಟ ವಲಯ’ ಅಂತ ಹಾಕಿದ್ದೆ. ಓದಿದರೆ ಅರಣ್ಯ ಇಲಾಖೆ ನೋಟಿಸಿನ ಹಾಗಿದೆ. ಜೊತೆಗೆ ಮೊದಲ ಎಂಟು ವಾರದ ಎಂಬ್ರಿಯೊಗೂ ಭ್ರೂಣ, ಆಮೇಲಿನ ಫೀಟಸ್‌ಗೂ ಭ್ರೂಣ. ‘ಪಿಂಡ’ ಮಾತ್ರ ಬೇಡ. ಈ ಕಡೆಯವರಿಗೆ ಪಿಂಡ ಅಂದ ಕೂಡಲೇ ಸತ್ತವರಿಗೆ ಪಿಂಡ ಬಿಡುವ ಪಶ್ಚಿಮವಾಹಿನಿ ನೆನಪಾಗುತ್ತದೆ. ಬೋರ್ಡು ನೋಡಲು ಬಸುರಿ ಹೆಂಗಸರೂ ಬರುತ್ತಾರೆ.

ಸರಸ್ವತಿಪುರಂನಿಂದ:

ಮೊದಲು ‘ಅಡ್ರಿನಲ್’ ತೆಗೆಯಿರಿ. ಲ್ಯಾಟಿನ್ನಿನಲ್ಲಿ ‘ಅಡ್’ ಅಂದರೆ ಹತ್ತಿರ, ‘ರೆನ್’ ಅಂದರೆ ಮೂತ್ರಪಿಂಡ. ಅಷ್ಟೇ ಅರ್ಥದ ‘ಅಧಿವೃಕ್ಕ’ ಇದೆ. ಕಾರ್ಟೆಕ್ಸಿಗೆ ‘ವಲ್ಕುಟ’ ಇದೆ. ಇರುವುದನ್ನು ಬಿಟ್ಟು ಸಾಲ ಮಾಡುವುದು ಯಾಕೆ?

ಪಾಂಡವಪುರದಿಂದ:

ಅಧಿವೃಕ್ಕ ಸಾಲ ಅಲ್ವಾ? ಹಿಂದಿ ಪಠ್ಯದಿಂದ ರೈಲು ಹತ್ತಿ ಬಂದಿದೆ, ಅಷ್ಟೆ. ಕಾರ್ಟೆಕ್ಸ್ ಅಂದರೆ ಲ್ಯಾಟಿನ್ನಿನಲ್ಲಿ ಮರದ ತೊಗಟೆ. ಗ್ರಂಥಿಯ ಒಳಭಾಗ ಮೆಡುಲ್ಲಾ, ಅಂದರೆ ತಿರುಳು. ಎರಡೂ ನಮ್ಮ ಬಾಯಲ್ಲೇ ಇವೆ. ‘ಗ್ರಂಥಿತೊಗಟೆ’ ಅನ್ನಿ. ಫೀಟಲ್ ಝೋನ್ ಆಮೇಲೆ ಹೋಗಿಬಿಡುತ್ತೆ ಅಂದಿರಿ. ಹಾವು ಪೊರೆ ಬಿಟ್ಟ ಹಾಗೆ. ‘ಕಳಚುಪೊರೆ’. ಮುಗೀತು.

ಸರಸ್ವತಿಪುರಂನಿಂದ:

ಗ್ರಂಥಿತೊಗಟೆ ಅರಿಸಮಾಸ, ಸಂಸ್ಕೃತಕ್ಕೆ ಕನ್ನಡ ಬೆಸೆದದ್ದು. ವ್ಯಾಕರಣ ಬರೆದ ಕೇಶಿರಾಜ ಬೇಡ ಎಂದು 13ನೇ ಶತಮಾನದಲ್ಲೇ ಹೇಳಿದ್ದಾನೆ. ವ್ಯಾಕರಣ ಗೊತ್ತಿಲ್ಲದವರು ಪದ ಕಟ್ಟಬಾರದು.

ಪಾಂಡವಪುರದಿಂದ:

ನಮ್ಮೂರಿನಲ್ಲಿ ‘ಹಾಲು ಉತ್ಪಾದಕರ ಸಂಘ’ ಅಂತ ಬೋರ್ಡಿದೆ. ಹಾಲು ಕನ್ನಡ, ಉತ್ಪಾದಕ ಸಂಸ್ಕೃತ. ಕೇಶಿರಾಜನಿಗೆ ಹೆದರಿ ಯಾರೂ ಡೈರಿಗೆ ಹಾಲು ಹಾಕುವುದು ಬಿಟ್ಟಿಲ್ಲ.

ಕುವೆಂಪುನಗರದಿಂದ:

ನಾನು ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡುವವಳು. ನಿಮ್ಮ ಜಗಳ ಆಮೇಲೆ ನೋಡಿಕೊಳ್ಳಿ. ಇಲ್ಲಿ ಡೆಫಿನಿಟಿವ್ ಅಂದರೆ ‘ನಿರ್ದಿಷ್ಟ’ ಅಲ್ಲವೇ ಅಲ್ಲ. ಕೊನೆಗೆ ನಿಲ್ಲುವುದು, ಮುಂದೆ ದೊಡ್ಡವರ ಕಾರ್ಟೆಕ್ಸ್ ಆಗುವುದು ಅಂತ. ಕಳಚುಪೊರೆಯೂ ತಪ್ಪು. ಫೀಟಲ್ ಝೋನ್ ಎಲ್ಲೂ ಕಳಚಿ ಬೀಳುವುದಿಲ್ಲ. ಜೀವಕೋಶಗಳು ಇದ್ದಲ್ಲೇ ಸಾಯುತ್ತವೆ, ಗ್ರಂಥಿ ಕುಗ್ಗುತ್ತದೆ. ಆಗತಾನೇ ಹುಟ್ಟಿದ ಕೂಸಿನಲ್ಲಿ ಅಡ್ರಿನಲ್ ಕಿಡ್ನಿಯ 1/3ರಷ್ಟು ಇರುತ್ತದೆ. ದೊಡ್ಡವರಲ್ಲಿ 1/30ರಷ್ಟೇ.

ಇನ್ನೊಂದು. ‘ಈಸ್ಟ್ರೊಜೆನ್ ತಯಾರಿಸುತ್ತದೆ’ ಅಂತ ಬರೆದುಬಿಟ್ಟೀರಿ, ಜೋಕೆ. ಫೀಟಲ್ ಝೋನ್ ಮಾಡುವುದು ಡಿಎಚ್‌ಇಎ ಸಲ್ಫೇಟ್ ಅನ್ನುವ ಕಚ್ಚಾವಸ್ತು. ಪ್ಲಾಸೆಂಟಾ ಅದನ್ನು ತೆಗೆದುಕೊಂಡು ಈಸ್ಟ್ರೊಜೆನ್ ಮಾಡುತ್ತದೆ. ಅದರಲ್ಲೇ ಒಂದು ಬಗೆಯಾದ ಈಸ್ಟ್ರಿಯಾಲ್ ಆಗಬೇಕಾದರೆ ನಡುವೆ ಮಗುವಿನ ಲಿವರಿನ ಕೈಯೂ ಬೇಕು. ಪ್ಲಾಸೆಂಟಾಗೆ ಕೊಲೆಸ್ಟರಾಲಿನಿಂದ ಶುರುಮಾಡಿ ಒಬ್ಬಂಟಿಯಾಗಿ ಮಾಡಲು ಆಗುವುದಿಲ್ಲ, ಅದಕ್ಕೆ ಬೇಕಾದ ಒಂದು ಕಿಣ್ವ ಅದರಲ್ಲಿಲ್ಲ.

ಮಂಡ್ಯದಿಂದ (ಕೇಳಿದವನೇ):

ಬದುಕಿಸಿದಿರಿ, ಡಾಕ್ಟ್ರೇ. ‘ತಯಾರಿಸುತ್ತದೆ’ ಅಂತಲೇ ಬರೆದಿದ್ದೆ. ಈಗ ಹೀಗೆ ಮಾಡಿದ್ದೇನೆ: ಕಬ್ಬು ಮಗುವಿನ ಗದ್ದೆಯದು, ಬೆಲ್ಲ ಪ್ಲಾಸೆಂಟಾದ ಆಲೆಮನೆಯದು. ಮಂಡ್ಯದಲ್ಲಿ ಇದಕ್ಕೆ ಅಡಿಟಿಪ್ಪಣಿ ಬೇಡ. ಪ್ಲಾಸೆಂಟಾಗೆ ಪುಸ್ತಕದ ‘ಜರಾಯು’ ಹಾಕಲೋ, ‘ಮಾಸು’ ಹಾಕಲೋ?

ಸರಸ್ವತಿಪುರಂನಿಂದ:

ಜರಾಯು. ಮಾಸು ಕೊಟ್ಟಿಗೆಯ ಮಾತು.

ಪಾಂಡವಪುರದಿಂದ:

ಕೊಟ್ಟಿಗೆಯದ್ದೇ. ಹಸು ಈದ ರಾತ್ರಿ ನಮ್ಮಜ್ಜಿ ಲಾಟೀನು ಹಿಡಿದು, ಚಳಿಗೆ ಸೆರಗು ತಲೆಗೆ ಹೊದ್ದು, ಬಾಗಿಲಲ್ಲಿ ನಿಂತು ಕೇಳುತ್ತಿದ್ದದ್ದು ‘ಮಾಸು ಬಿತ್ತೇನ್ಲಾ?’ ಅಂತ. ‘ಜರಾಯು ಬಿತ್ತೇನ್ಲಾ’ ಅಂತ ಕೇಳಿದ್ದರೆ ಹಸುವೇ ತಿರುಗಿ ನೋಡುತ್ತಿತ್ತು. ಮಾಸು ಹಾಕಿ. ಅಡ್ರಿನಲ್ಲಿಗೂ ಇಂಥದ್ದೇ ಒಂದು ಹಳ್ಳಿಮಾತು ಇದ್ದೇ ಇರುತ್ತದೆ. ಹುಡುಕಬೇಕು.

ಮಂಡ್ಯದಿಂದ:

ಹುಡುಕಿ ಬಂದೆ. ಬೆಳಿಗ್ಗೆ ಮಟನ್ ಅಂಗಡಿಗೆ ಹೋಗಿದ್ದೆ. ಬನ್ನೂರು ಕುರಿ ಕುಯ್ದಿದ್ದರು. ಕಿಡ್ನಿ ಸುತ್ತ ಬಿಳೀ ಕೊಬ್ಬು. ಬೆರಳಲ್ಲಿ ಬಿಡಿಸಿದರೆ ಒಳಗೆ ಅವರೆಬೀಜದ ಆಕಾರದ ಒಂದು ಕಂದು ಗಂಟು. ‘ಇದಕ್ಕೇನಂತೀರಿ?’ ಅಂದೆ. ‘ಕೊಬ್ಬು ಸಾರ್, ಬೇಕಾದ್ರೆ ತಗೊಳ್ಳಿ’ ಅಂದ. ಮೂವತ್ತು ವರ್ಷದಿಂದ ಕುರಿ ಕುಯ್ಯುವವನ ಬಾಯಲ್ಲಿ ಅದಕ್ಕೊಂದು ಹೆಸರಿಲ್ಲ. ಪ್ಲಾಸೆಂಟಾ ಹಂಗಲ್ಲ. ಅದು ಬಿದ್ದಿಲ್ಲ ಅಂದರೆ ಮನೆಯವರೆಲ್ಲ ನಿದ್ದೆಗೆಡುತ್ತಾರೆ, ಅದಕ್ಕೇ ಹೆಸರು ಹುಟ್ಟಿದೆ. ಹಾಗಾಗಿ ಮಾಸು ನಮ್ಮದು, ಅಡ್ರಿನಲ್ ಸಾಲ. ಎರಡೂ ಒಂದೇ ಬೋರ್ಡಿನಲ್ಲಿ ಇರಲಿ.

ಝೋನುಗಳಿಗೆ ಡಾಕ್ಟ್ರ ಮಾತು ಹಿಡಿದು ‘ಕರಗುವ ಪದರ’, ‘ಉಳಿಯುವ ಪದರ’. ಸಮಾಸವೇ ಇಲ್ಲ, ಅರಿಯೂ ಇಲ್ಲ.

ಸರಸ್ವತಿಪುರಂನಿಂದ:

ಇವು ಪಾರಿಭಾಷಿಕ ಪದಗಳಲ್ಲ, ವಿವರಣೆ. ಇನ್ನು ನಾನು ಈ ಎಳೆಯಲ್ಲಿ ಬರೆಯುವುದಿಲ್ಲ.

ಕುವೆಂಪುನಗರದಿಂದ:

ವಿವರಣೆಯೇ ಇರಲಿ, ಬಸುರಿಗೆ ತಿಳಿದರೆ ಸಾಕು. ‘ಕರಗುವ’ ಪಕ್ಕದಲ್ಲಿ ‘ಹುಟ್ಟಿದ ಮೇಲೆ’ ಅಂತ ಸೇರಿಸಿ. ಇಲ್ಲದಿದ್ದರೆ ಹೊಟ್ಟೆಯಲ್ಲೇ ಏನೋ ಕರಗುತ್ತಿದೆ ಅಂತ ಗಾಬರಿಯಾಗಿ ನಾಳೆ ನನ್ನ ಓಪಿಡಿಗೆ ಬರುತ್ತಾರೆ.

ಮಂಡ್ಯದಿಂದ:

ಸೇರಿಸಿದೆ. ಫೈಲು ಕಳಿಸಿದೆ. ಈಗ ಫ್ಲೆಕ್ಸಿನವನ ಫೋನು: ಬೋರ್ಡಿನಲ್ಲಿ ಒಂದು ಕಡೆ ಅಡ್ರಿನಲ್, ಇನ್ನೊಂದು ಕಡೆ ಅಡ್ರೀನಲ್ ಅಂತಿದೆಯಂತೆ. ಹ್ರಸ್ವವೋ ದೀರ್ಘವೋ?

ಸರಸ್ವತಿಪುರಂನಿಂದ:

ದೀರ್ಘ.

ಪಾಂಡವಪುರದಿಂದ:

ಹ್ರಸ್ವ.