ಹಳೇ ಲಾರಿ ಬಳಗ: ಮೇಸ್ತ್ರಿಯವರನ್ನು ಕೇಳಿ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಇವತ್ತು ಭಾನುವಾರ, ಮೇಸ್ತ್ರಿಯವರು ಸಂಜೆವರೆಗೆ ಗ್ರೂಪಿನಲ್ಲಿ ಇರುತ್ತಾರೆ. ಲಾರಿ ಗ್ಯಾರೇಜು ಮಗನಿಗೆ ಬಿಟ್ಟುಕೊಟ್ಟು ಈಗ ಆರಾಮಾಗಿದ್ದಾರೆ. ಡೀಸೆಲ್ ಪಂಪಿನ ಕೆಲಸದಲ್ಲಿ ಪಳಗಿದ ಕೈ. ಗಾಡಿ ಯಾವುದು, ಯಾವ ವರ್ಷದ್ದು, ಏನು ತೊಂದರೆ, ಮೂರನ್ನೂ ಬರೆಯಿರಿ. ಫಾರ್ವರ್ಡ್ ಹಾಕಬೇಡಿ, ಕೈ ಮುಗಿಯುತ್ತೇನೆ.

ತುಮಕೂರು ಫಾರ್ಗೋ: ನಮಸ್ತೆ ಸರ್. 1959ರ ಫಾರ್ಗೋ, ಪೆಟ್ರೋಲ್, ಕುರ್ಲಾದಲ್ಲಿ ಪ್ರೀಮಿಯರ್‌ನವರು ಜೋಡಿಸಿದ್ದು. ಎರಡು ಪ್ರಶ್ನೆ. 2021ರ ವಿಂಟೇಜ್ ನಿಯಮದಲ್ಲಿ 20,000 ರೂಪಾಯಿ ಕಟ್ಟಿದರೆ ವಿಎ ನಂಬರ್, ಅಂದರೆ ಹಳೇ ಗಾಡಿಗೆ ಕೊಡುವ ವಿಶೇಷ ನಂಬರ್ ಸಿಗುತ್ತಾ? ಗಾಡಿಗೆ 50 ವರ್ಷ ಯಾವತ್ತೋ ದಾಟಿದೆ. ಇನ್ನೊಂದು, ಎಂಜಿನ್ ಸ್ಟಾರ್ಟ್ ಮಾಡಲು ಮುಂದಿನಿಂದ ಹ್ಯಾಂಡಲ್ ಹೊಡೆಯುವಾಗ ತಿರುಗಿ ಒದ್ದು ಮಣಿಕಟ್ಟು ಊದಿಕೊಂಡಿದೆ. ನನಗೆ 68.

ಮೇಸ್ತ್ರಿ: ಆ ನಿಯಮ ಬೈಕಿಗೆ ಮತ್ತು ಕಾರಿಗೆ. ಲಾರಿಗೆ ಅಲ್ಲ. ದುಡ್ಡು ಕಟ್ಟುವ ಮುಂಚೆ ಆರ್‌ಟಿಒಗೆ ಬರೆದು ಕೇಳಿ, ಉತ್ತರವನ್ನೂ ಬರವಣಿಗೆಯಲ್ಲೇ ತಗೊಳ್ಳಿ. ಏಜೆಂಟ್ ಬಾಯಿಮಾತು ಬೇಡ.

ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳು ಸುತ್ತಬಾರದು. ಐದೂ ಬೆರಳು ಒಂದೇ ಕಡೆ ಇರಲಿ. ಕೆಳಗಿನಿಂದ ಮೇಲಕ್ಕೆ ಎಳೆಯಿರಿ, ಮೇಲಿನಿಂದ ಕೆಳಕ್ಕೆ ಅದುಮಬೇಡಿ. ಒದೆಯುತ್ತಿದೆ ಅಂದರೆ ಕಿಡಿ ಹೊತ್ತುವ ಟೈಮಿಂಗ್ ಮುಂದಿದೆ, ಮೊದಲು ಅದನ್ನು ನೋಡಿ. ಮಣಿಕಟ್ಟಿಗೆ ಎಕ್ಸ್‌ರೇ ತೆಗೆಸಿ.

ಸಕಲೇಶಪುರ ಟಾಟಾ: ನಮಸ್ಕಾರ ಮೇಸ್ತ್ರಿಗಳೇ. ವಯಸ್ಸು 72. ಗಾಡಿ 1964ರ ಟಾಟಾ ಮರ್ಸಿಡಿಸ್, ತೋಟದ ಕಾಫಿ ಸಾಗಿಸಲು ನಮ್ಮ ಅಪ್ಪ ತಗೊಂಡಿದ್ದು. ಮರದ ಕ್ಯಾಬಿನ್. ಹತ್ತಾರು ವರ್ಷದಿಂದ ಶೆಡ್ಡಿನಲ್ಲೇ ನಿಂತಿತ್ತು. ಬ್ಯಾಟರಿ ಹಾಕಿ, ಹೊಸ ಡೀಸೆಲ್ ತುಂಬಿ, ಮೊನ್ನೆ ಸೆಲ್ಫ್ ಹೊಡೆದೆ. ಹತ್ತಿಕೊಂಡೇ ಬಿಟ್ಟಿತು! ಖುಷಿ ಪಡುವಷ್ಟರಲ್ಲಿ ತಾನೇ ರೈಸ್ ಆಗಲು ಶುರುಮಾಡಿತು. ಆಕ್ಸಿಲರೇಟರ್ ಮೇಲೆ ಕಾಲೇ ಇಟ್ಟಿರಲಿಲ್ಲ. ಎಂಜಿನ್ ಆಫ್ ಮಾಡುವ ಸ್ಟಾಪ್ ಕೇಬಲ್ ಎಳೆದರೂ ನಿಲ್ಲಲಿಲ್ಲ. ಶೆಡ್ಡಿನ ತಗಡೆಲ್ಲಾ ಅದುರುತ್ತಿತ್ತು. ಕೊನೆಗೆ ಅಳಿಯ ಟಾಪ್ ಗೇರಿಗೆ ಹಾಕಿ, ಬ್ರೇಕ್ ಒತ್ತಿ ಹಿಡಿದು ಕ್ಲಚ್ ಬಿಟ್ಟ, ಆಫ್ ಆಯಿತು. ಮತ್ತೆ ಸ್ಟಾರ್ಟ್ ಮಾಡುವುದು ಹೇಗೆ? ಸ್ನೇಹಿತರೊಬ್ಬರು ವಿಡಿಯೊ ಕಳಿಸಿದ್ದಾರೆ. ಏರ್ ಪೈಪ್ ತೆಗೆದು, ಅದರ ಬಾಯಿಗೆ ಪೆಟ್ರೋಲ್ ಬಟ್ಟೆ ಹಿಡಿದರೆ ನಯವಾಗಿ ಹತ್ತುತ್ತದಂತೆ.

ಮೇಸ್ತ್ರಿ: ಸ್ಟಾರ್ಟ್ ಮಾಡಬೇಡಿ. ಈಗಲೇ ಹೋಗಿ ಬ್ಯಾಟರಿ ವೈರ್ ಬಿಚ್ಚಿ. ಆಮೇಲೆ ಮೂರು ವಿಷಯ ಹೇಳಿ. ಹೊಗೆ ಯಾವ ಬಣ್ಣ ಇತ್ತು? ಏರ್ ಕ್ಲೀನರ್ ಬಟ್ಟಲಿಗೆ ಎಣ್ಣೆ ಎಷ್ಟು ಹಾಕಿದ್ದೀರಿ? ಅಳಿಯಂದಿರು ಕ್ಯಾಬಿನ್‌ನಲ್ಲಿ ಕೂತು ಸ್ಟಾಪ್ ಎಳೆಯಲಿ, ಡೀಸೆಲ್ ಪಂಪಿನ ಮೇಲಿನ ಲಿವರ್ ಅಲ್ಲಾಡುತ್ತಾ ಅಂತ ನೀವು ಕಣ್ಣಾರೆ ನೋಡಿ.

ಮಂಡ್ಯ ಡಾಡ್ಜ್: ಸರ್, ತುಕ್ಕು ಹಿಡಿದ ಬೋಲ್ಟು, ಬ್ರಾಕೆಟ್‌ಗೆ ಕೋಲಾ ಸುರಿದರೆ ಹೋಗುತ್ತದಂತೆ. ಕಾಕಂಬಿ ಅಂತಲೂ ಒಬ್ಬರು ಹೇಳಿದರು.

ಮೇಸ್ತ್ರಿ: ಕೋಲಾ ಕುಡಿಯಿರಿ. ಕಾಕಂಬಿ ಮಾತ್ರ ನಿಜ, ಮಂಡ್ಯದಲ್ಲಿ ಅದಕ್ಕೇನು ಬರ. ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು, ಡ್ರಮ್ಮಿನಲ್ಲಿ ಎರಡು ಮೂರು ವಾರ ಮುಳುಗಿಸಿಡಿ. ಕಬ್ಬಿಣಕ್ಕೆ ಮಾತ್ರ. ಅಲ್ಯೂಮಿನಿಯಂ ಹಾಕಿದರೆ ತಿಂದುಬಿಡುತ್ತದೆ. ವಾಸನೆ ಬರುತ್ತದೆ, ಮನೆಯಿಂದ ದೂರ ಇಡಿ.

ಶಿರಸಿ ಬೆಡ್‌ಫೋರ್ಡ್: ಹಳೇ ಕಾಲದ ಹಾಗೆ ಬಾಡಿ ಮೇಲೆ ಕುಂಚದಲ್ಲಿ ಅಕ್ಷರ ಬರೆಯುವವರು ಯಾರಾದರೂ ಗೊತ್ತಾ? ಸ್ಟಿಕ್ಕರ್ ಬೇಡ.

ಗದಗ ಕಾಮೆಟ್: ನಮಸ್ಕಾರ್ರೀ ಮೇಸ್ತ್ರಿಯವರೇ. ಲೇಲ್ಯಾಂಡ್ ಕಾಮೆಟ್, 1967. ಟೈರ್ ಬಿಚ್ಚಿ ಡಿಸ್ಕಿಗೆ ಬಣ್ಣ ಹೊಡೆದೆ. ಟೈರನ್ನು ಡಿಸ್ಕಿನಲ್ಲಿ ಹಿಡಿದಿಡುವ ಒಂದು ಲಾಕ್ ರಿಂಗು ತುಕ್ಕು ತಿಂದಿತ್ತು, ಗುಜರಿಯಲ್ಲಿ ಸಿಕ್ಕ ಬೇರೆ ಗಾಡಿಯ ರಿಂಗು ಹಾಕಿದ್ದೇನೆ. ಸ್ವಲ್ಪ ಗ್ಯಾಪ್ ಇದೆ, ಗಾಳಿ ತುಂಬುತ್ತಾ ಸುತ್ತಿಗೆಯಲ್ಲಿ ತಟ್ಟಿದರೆ ಕೂರುತ್ತದೆ. ಮನೆಯಲ್ಲೇ ಕಂಪ್ರೆಸರ್ ಇದೆ. ಎಷ್ಟು ಪ್ರೆಶರ್ ಹಾಕಲಿ?

ಮೇಸ್ತ್ರಿ: ಸೊನ್ನೆ.

ಗಾಳಿ ತುಂಬಿದ್ದರೆ ವಾಲ್ ಪಿನ್ ಬಿಚ್ಚಿ ಪೂರ್ತಿ ಖಾಲಿ ಮಾಡಿ. ಬೇರೆ ಡಿಸ್ಕಿನ ರಿಂಗು ಹಾಕಲೇಬಾರದು. ಗಾಳಿ ಇರುವ ಟೈರಿನ ರಿಂಗಿಗೆ ಸುತ್ತಿಗೆ ಮುಟ್ಟಿಸಬಾರದು. ಆ ರಿಂಗು ಹಾರಿದರೆ ಮನುಷ್ಯನ ತಲೆ ಉಳಿಯುವುದಿಲ್ಲ. ಒಳ್ಳೆಯ ಟೈರ್ ಅಂಗಡಿಗೆ ಹೋಗಿ, ಕಬ್ಬಿಣದ ಪಂಜರದೊಳಗೆ ಇಟ್ಟು, ಕ್ಲಿಪ್ಪು ಹಾಕಿ, ಉದ್ದ ಪೈಪಿನಲ್ಲಿ ದೂರ ನಿಂತು ತುಂಬಿಸಿ. ರಿಂಗಿನ ಎದುರು ಯಾರೂ ನಿಲ್ಲಬಾರದು.

ಗದಗ ಕಾಮೆಟ್: ಸರ್, ನಾವು ಚಿಕ್ಕಂದಿನಿಂದ ಹೀಗೇ ಮಾಡಿಕೊಂಡು ಬಂದಿದ್ದೇವೆ. ಡಿಸ್ಕಿಗೆ ಚೈನ್ ಸುತ್ತಿದರೆ ಆಯ್ತಲ್ಲಾ?

ಮೇಸ್ತ್ರಿ: ಬದುಕಿರುವವರು ಮಾತ್ರ ಹೀಗೆ ಹೇಳುತ್ತಾರೆ. ಪಂಜರ.

ಸಕಲೇಶಪುರ ಟಾಟಾ: ನೋಡಿದೆವು ಮೇಸ್ತ್ರಿಗಳೇ. ಹೊಗೆ ಕಡುಕಪ್ಪು. ಏರ್ ಕ್ಲೀನರ್ ಬಟ್ಟಲಲ್ಲಿ ಎಣ್ಣೆ ಗುರುತಿನಷ್ಟೇ ಇದೆ. ಸ್ಟಾಪ್ ಎಳೆದರೆ ಕೇಬಲ್ ಬಿಗಿಯಾಗುತ್ತದೆ, ಪಂಪಿನ ಲಿವರ್ ಮಾತ್ರ ಒಂದು ಕೂದಲೆಳೆಯಷ್ಟೂ ಕದಲುವುದಿಲ್ಲ. ಕೈಯಲ್ಲಿ ಒತ್ತಿದರೂ ಇಲ್ಲ.

ಮೇಸ್ತ್ರಿ: ಹಾಗಿದ್ದರೆ ವಿಷಯ ಸಿಕ್ಕಿತು. ಸ್ವಲ್ಪ ಉದ್ದ ಬರೆಯುತ್ತೇನೆ, ಪೂರ್ತಿ ಓದಿ.

ಕಪ್ಪು ಹೊಗೆ ಅಂದರೆ ಎಂಜಿನ್ ಕುಡಿದದ್ದು ಡೀಸೆಲ್ಲೇ. ಎಣ್ಣೆ ಕುಡಿದು ಓಡಿದ್ದರೆ ಹೊಗೆ ನೀಲಿ ಬರುತ್ತಿತ್ತು. ಬಟ್ಟಲಿಗೆ ಎಣ್ಣೆ ಜಾಸ್ತಿ ತುಂಬಿದರೂ ಎಂಜಿನ್ ಅದನ್ನೇ ಎಳೆದುಕೊಂಡು ಹೀಗೆ ಓಡುತ್ತದೆ, ಅದಕ್ಕೇ ಕೇಳಿದ್ದು.

ಈಗ ಪಂಪಿನ ಹಿಂಬದಿ ನೋಡಿ. ದುಂಡನೆಯ ಡಬ್ಬಿ, ಅದರಿಂದ ಗಾಳಿ ಒಳಗೆ ಹೋಗುವ ಬಾಯಿಗೆ ಸಣ್ಣ ಪೈಪು ಇದೆಯಲ್ವಾ? ಇದ್ದರೆ ನಿಮ್ಮದು ಗಾಳಿ ಗವರ್ನರ್, ಎಂಜಿನ್ ಓಟವನ್ನು ಹಿಡಿತದಲ್ಲಿ ಇಡುವುದು ಅದೇ. ಡಬ್ಬಿಯೊಳಗೆ ಡಯಾಫ್ರಾಮ್, ಅಂದರೆ ಚರ್ಮದ ಪರದೆ ಇರುತ್ತದೆ. ಸ್ಪ್ರಿಂಗು, ಡೀಸೆಲ್ ಹೆಚ್ಚು ಕಡಿಮೆ ಮಾಡುವ ಪಂಪಿನ ಸರಳಾದ ರ‍್ಯಾಕನ್ನು ಫುಲ್ ಡೀಸೆಲ್ ಕಡೆಗೆ ತಳ್ಳುತ್ತಿರುತ್ತದೆ. ಎಂಜಿನ್ ಓಡಿದಾಗ ಆಗುವ ಎಳೆತ ಡಯಾಫ್ರಾಮನ್ನು ಹಿಂದಕ್ಕೆ ಎಳೆದು ಡೀಸೆಲ್ ಕಡಿಮೆ ಮಾಡುತ್ತದೆ. ಆ ಎಳೆತ ತಪ್ಪಿದರೆ ಹಿಡಿಯುವವರೇ ಇಲ್ಲ, ಎಂಜಿನ್ ಒಂದೇ ಸಮ ಏರುತ್ತದೆ. ನಿಮ್ಮ ಸ್ನೇಹಿತರ ವಿಡಿಯೊದಲ್ಲಿ ಏರ್ ಪೈಪ್ ತೆಗೆಯಿರಿ ಅಂತ ಹೇಳಿದ್ದಾನಲ್ಲ, ಗಾಳಿಯ ಬಾಯಿ ಬಿಚ್ಚಿದರೆ ಆಗುವುದು ಅದೇ. ಅದರ ಮೇಲೆ ಪೆಟ್ರೋಲ್ ಬಟ್ಟೆ ಬೇರೆ. ಡೀಸೆಲ್ ಎಂಜಿನ್‌ಗೆ ಪೆಟ್ರೋಲ್ ಆವಿ ಹೋದರೆ ಹೊತ್ತಲ್ಲದ ಹೊತ್ತಲ್ಲಿ ಸಿಡಿದು ಪಿಸ್ಟನ್ ರಿಂಗು ಮುರಿಯುತ್ತದೆ. ಬಟ್ಟೆಗೆ ಬೆಂಕಿ ಹತ್ತಿದರೆ ಅದು ಇರುವುದು ನಿಮ್ಮ ಕೈಯಲ್ಲಿ.

ಆದರೆ ನಿಮ್ಮ ಗಾಡಿಯಲ್ಲಿ ಡಯಾಫ್ರಾಮ್ ಒಂದೇ ಕಾರಣ ಅಲ್ಲ. ಅದು ಹರಿದಿದ್ದರೂ ಸ್ಟಾಪ್ ಲಿವರ್ ರ‍್ಯಾಕನ್ನು ನೇರವಾಗಿ ಎಳೆಯಬೇಕು. ಲಿವರ್ ಕದಲುತ್ತಿಲ್ಲ ಅಂದರೆ ರ‍್ಯಾಕೇ ಹಿಡಿದುಕೊಂಡಿದೆ. ಎಂಜಿನ್ ನಿಂತಾಗ ಎಳೆತ ಇರುವುದಿಲ್ಲ, ಸ್ಪ್ರಿಂಗು ಅದನ್ನು ಫುಲ್‌ನಲ್ಲೇ ನಿಲ್ಲಿಸಿರುತ್ತದೆ. ಇಷ್ಟು ವರ್ಷ ಅಲ್ಲೇ ಕೂತು, ಹಳೇ ಡೀಸೆಲ್ ಗೋಂದಾಗಿ ಅಲ್ಲೇ ಅಂಟಿದೆ. ಟ್ಯಾಂಕಿನಲ್ಲಿ ನೀರು ಸೇರಿದ್ದರೆ ತುಕ್ಕೂ ಹಿಡಿದಿರುತ್ತದೆ.

ಮಾಡಬೇಕಾದ್ದು. ಪಂಪಿನ ಪಕ್ಕದಲ್ಲಿ ಎರಡು ಸ್ಕ್ರೂ ಇರುವ ಉದ್ದನೆಯ ಮುಚ್ಚಳ ಇದೆ, ಬಿಚ್ಚಿ. ಟಾರ್ಚ್ ಹಾಕಿದರೆ ಡೀಸೆಲ್ ತಳ್ಳುವ ಆರು ಪ್ಲಂಜರ್ ಸಾಲಾಗಿ, ಒಂದೊಂದಕ್ಕೂ ಹಲ್ಲಿರುವ ಚಿಕ್ಕ ಪಟ್ಟಿ ಕಾಣುತ್ತದೆ. ಆರರಲ್ಲಿ ಒಂದು ಹಿಡಿದರೂ ರ‍್ಯಾಕ್ ಪೂರ್ತಿ ನಿಲ್ಲುತ್ತದೆ. ಸೀಮೆಎಣ್ಣೆಗೆ ಸ್ವಲ್ಪ ತೆಳು ಎಣ್ಣೆ ಬೆರೆಸಿ ಹಾಕಿ, ಎರಡು ದಿನ ಬಿಡಿ. ಬೆರಳಲ್ಲಿ ಮಾತ್ರ ಆಡಿಸಿ. ಸ್ಕ್ರೂಡ್ರೈವರ್ ಕೊಟ್ಟು ಮೀಟಬೇಡಿ, ಸುತ್ತಿಗೆ ಬೇಡ, ಎಮರಿ ಪೇಪರ್ ಬೇಡವೇ ಬೇಡ. ಬಿಡಲಿಲ್ಲ ಅಂದರೆ ಪಂಪ್ ಇಳಿಸಿ ಟೆಸ್ಟ್ ಬೆಂಚ್ ಇರುವ ಪಂಪ್ ಅಂಗಡಿಗೆ ಕೊಡಿ. ಬೆಂಗಳೂರು ಆಡುಗೋಡಿಯ ಮೈಕೋ ಕಂಪನಿಯ ಪಂಪು ಆಗಿದ್ದರೆ ಆ ಕೆಲಸ ಬಲ್ಲವರು ಇನ್ನೂ ಇದ್ದಾರೆ. ಒಂದು ಪ್ಲಂಜರ್ ಅದರದೇ ಬ್ಯಾರೆಲ್‌ಗೆ ಮಾತ್ರ, ಅದಲು ಬದಲು ಮಾಡಲು ಬಿಡಬೇಡಿ.

ಡಯಾಫ್ರಾಮನ್ನೂ ನೋಡಿ. ರ‍್ಯಾಕ್ ಸಡಿಲ ಆದ ಮೇಲೆ ಡಬ್ಬಿಯ ಸಣ್ಣ ಪೈಪು ಬಿಚ್ಚಿ, ಲಿವರನ್ನು ಸ್ಟಾಪ್ ಕಡೆಗೆ ಒತ್ತಿ ಹಿಡಿಯಿರಿ. ಪೈಪಿನ ತೂತನ್ನು ಬೆರಳಲ್ಲಿ ಮುಚ್ಚಿ ಲಿವರ್ ಬಿಡಿ. ಸ್ವಲ್ಪ ಬಂದು ನಿಂತು, ನಿಧಾನ ಆದರೆ ಚರ್ಮ ಚೆನ್ನಾಗಿದೆ. ಟಪ್ ಅಂತ ವಾಪಸ್ ಬಂದರೆ ಸೋರುತ್ತಿದೆ. ಇಷ್ಟು ವರ್ಷಕ್ಕೆ ಅದು ಒಣಗಿ ಹಪ್ಪಳ ಆಗಿರುತ್ತದೆ, ನನಗೆ ಅನುಮಾನ ಇಲ್ಲ. ಹೊಸದಕ್ಕೆ ಬೆಂಗಳೂರಿನ ಜೆ.ಸಿ. ರೋಡಲ್ಲಿ ವಿಚಾರಿಸಿ.

ಎಂಜಿನ್ ಅಷ್ಟು ಏರಿದ ಮೇಲೆ ಪುಷ್ ರಾಡ್ ಬಗ್ಗಿರಬಹುದು. ಟ್ಯಾಪೆಟ್ ಕವರ್ ತೆಗೆದು, ಕೈಯಲ್ಲೇ ಎರಡು ಸುತ್ತು ತಿರುಗಿಸಿ ನೋಡಿ. ಟ್ಯಾಂಕ್ ತೊಳೆಸಿ. ಫಿಲ್ಟರ್ ಹೊಸದು ಹಾಕಿ.

ಆಮೇಲೆ ಸ್ಟಾರ್ಟ್ ಮಾಡುವಾಗ ಗಾಡಿ ಶೆಡ್ಡಿನ ಹೊರಗೆ ಇರಲಿ, ಚಕ್ರಕ್ಕೆ ಕಲ್ಲು ಕೊಡಿ. ಗಾಳಿಯ ಬಾಯಿ ಮುಚ್ಚುವಷ್ಟು ಅಗಲದ ಹಲಗೆ, ಅದರ ಮೇಲೆ ಒದ್ದೆ ಗೋಣಿಚೀಲ, ಒಬ್ಬ ಅದನ್ನೇ ಹಿಡಿದು ನಿಂತಿರಲಿ. ರೈಸ್ ಆದರೆ ಹಲಗೆ ಒತ್ತಿ ಹಿಡಿಯುವುದು, ಗಾಳಿ ಇಲ್ಲದೆ ನಿಲ್ಲುತ್ತದೆ. ಬರಿಗೈ ಅಡ್ಡ ಕೊಡಬೇಡಿ, ಎಳೆದುಕೊಳ್ಳುತ್ತದೆ. ಅಳಿಯಂದಿರು ಗೇರಿಗೆ ಹಾಕಿ ನಿಲ್ಲಿಸಿದ್ದು ಸಮಯಕ್ಕೆ ಸರಿಯಾಯಿತು. ಅಷ್ಟು ವರ್ಷ ನಿಂತ ಗಾಡಿಯ ಬ್ರೇಕ್ ಹಿಡಿದದ್ದೇ ಪುಣ್ಯ, ಹಿಡಿಯದಿದ್ದರೆ ಎದುರಿಗೆ ಯಾರಿದ್ದರು ಅಂತ ಯೋಚನೆ ಮಾಡಿ. ನೀವು ಒಬ್ಬರೇ ಇದ್ದಾಗ ಸೆಲ್ಫ್ ಮುಟ್ಟಲೇಬೇಡಿ.

ಉಡುಪಿ ಬೆಡ್‌ಫೋರ್ಡ್: ಸೂಪರ್ ಸರ್! ನನ್ನದು ಬ್ರೇಕ್ ವಿಷಯ. ಡ್ರಮ್ ಬಿಚ್ಚಿದ್ದೇನೆ, ಒಳಗೆಲ್ಲಾ ಧೂಳು, ಕಂಪ್ರೆಸರ್‌ನಿಂದ ಊದಲಾ? ಹರಳೆಣ್ಣೆ, ಸ್ಪಿರಿಟ್ ಬೆರೆಸಿ ಬ್ರೇಕ್ ಆಯಿಲ್ ಮಾಡಬಹುದು ಅಂತ ಫಾರ್ವರ್ಡ್ ಬಂದಿದೆ.

ಮೇಸ್ತ್ರಿ: ಊದಬೇಡಿ. ಹಳೇ ಲೈನರ್‌ನಲ್ಲಿ ಆಸ್ಬೆಸ್ಟಸ್ ಇದೆ, ಪುಪ್ಪುಸಕ್ಕೆ ಹೋದರೆ ಹೊರಗೆ ಬರುವುದಿಲ್ಲ. ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಬಿಸಾಕಿ. ಹರಳೆಣ್ಣೆ ನಿಮ್ಮ ತಾತನ ಕಾಲದ ಬ್ರೇಕ್ ಆಯಿಲ್‌ನಲ್ಲಿ ಇತ್ತು, ನಿಜ. ಅದು ಮುಗಿದ ಕಥೆ. ರಬ್ಬರ್ ಕಪ್ ಎಲ್ಲ ಹೊಸದು ಹಾಕಿ, ಅಂಗಡಿಯಲ್ಲಿ ಸಿಗುವ ಡಾಟ್ 3 ಹಾಕಿ. ಆ ಫಾರ್ವರ್ಡ್ ಬರೆದವನು ನಿಮ್ಮ ಲಾರಿಯಲ್ಲಿ ಆಗುಂಬೆ ಇಳಿಯುತ್ತಾನಾ ಕೇಳಿ.

ಹುಬ್ಬಳ್ಳಿ ಟಾಟಾ: ಸರ್, ನನ್ನದು 1972ರ ಟಾಟಾ. ಮುಂದುಗಡೆ ಬೆಂಜ್ ಸ್ಟಾರ್ ಹಾಕಿಸಬೇಕು. ಎಲ್ಲಿ ಸಿಗುತ್ತದೆ?

ಮೈಸೂರು ಹಳೇಗಾಡಿ: ಹಾಕಬಾರದು. ಟಾಟಾ, ಡೈಮ್ಲರ್ ಒಪ್ಪಂದ 1954ರಿಂದ 1969ರವರೆಗೆ. ಆಮೇಲೆ ಸ್ಟಾರ್ ತೆಗೆದು ಟಾಟಾದ ಟಿ ಹಾಕಿದರು. 1972ರ ಗಾಡಿಗೆ ಸ್ಟಾರ್ ಹಾಕಿದರೆ ಸುಳ್ಳು ಹೇಳಿದ ಹಾಗೆ.

ಹುಬ್ಬಳ್ಳಿ ಟಾಟಾ: ಎಂಜಿನ್ ಅದೇ ಮನೆತನದ್ದು ರೀ. ನಮ್ಮ ಕಡೆ ಈಗಲೂ ಬೆಂಜ್ ಲಾರಿ ಅಂತಲೇ ಕರೆಯುತ್ತಾರೆ.

ಮೈಸೂರು ಹಳೇಗಾಡಿ: ಕರೆಯಲಿ. ಬ್ಯಾಡ್ಜ್ ಒರಿಜಿನಲ್ ಇರಬೇಕು.

ಮಂಡ್ಯ ಡಾಡ್ಜ್: ಒರಿಜಿನಲ್ ಅಂದರೆ ಏನು ಸ್ವಾಮಿ? ಆಗ ಕಂಪನಿ ಕೊಡುತ್ತಿದ್ದದ್ದು ಚಾಸಿಸ್ಸು, ಎಂಜಿನ್ನು, ಮುಂದಿನ ಮೂತಿ. ಕ್ಯಾಬಿನ್, ಬಾಡಿ ಎಲ್ಲ ಇಲ್ಲಿನ ಆಚಾರಿಗಳು ಕಟ್ಟಿದ್ದು. ಒಂದು ಲಾರಿಯ ಹಾಗೆ ಇನ್ನೊಂದು ಇರಲಿಲ್ಲ.

ಮೈಸೂರು ಹಳೇಗಾಡಿ: ನಿಮ್ಮ ಡಾಡ್ಜ್‌ಗೆ ಪವರ್ ಸ್ಟೀರಿಂಗ್ ಹಾಕಿಸಿದ್ದೀರಲ್ಲಾ, ಅದಕ್ಕೇ ಹೀಗೆ ಮಾತಾಡುತ್ತೀರಿ.

ಮಂಡ್ಯ ಡಾಡ್ಜ್: ನನಗೆ ಭುಜ ಎತ್ತಲು ಆಗುವುದಿಲ್ಲ. ನನಗೆ ಗಾಡಿ ಓಡಿಸಬೇಕು. ಬಟ್ಟೆ ಹೊದಿಸಿ ಇಟ್ಟು ಫೋಟೋ ಹಾಕುವವರು ನೀವು.

ಹುಬ್ಬಳ್ಳಿ ಟಾಟಾ: ಅಲ್ಲ, ನಾನು ಕೇಳಿದ್ದು ಎಲ್ಲಿ ಸಿಗುತ್ತದೆ ಅಂತ. ಹಾಕಬಹುದಾ ಅಂತ ಅಲ್ಲ.

ಮೈಸೂರು ಹಳೇಗಾಡಿ: ಆಟೋಗೆ ಹಾಕುವ ಸ್ಟಿಕ್ಕರ್ ಅಂಗಡಿಯಲ್ಲಿ ಸಿಗುತ್ತದೆ, ಹೋಗಿ.

ಅಡ್ಮಿನ್: ದಯವಿಟ್ಟು ವೈಯಕ್ತಿಕ ಬೇಡ.

ಶಿರಸಿ ಬೆಡ್‌ಫೋರ್ಡ್: ಅಕ್ಷರ ಬರೆಯುವವರ ಬಗ್ಗೆ ಕೇಳಿದ್ದೆ.

ಕೋಲಾರ ಟೆಂಪೊ: ಮೇಸ್ತ್ರಿಗಳೇ, ವಿಎ ನಂಬರ್ ಲಾರಿಗೆ ಸಿಗುತ್ತಾ?

ಮೇಸ್ತ್ರಿ: ಮೇಲೆ ಇದೆ.

ಕೋಲಾರ ಟೆಂಪೊ: ಮೇಲೆ ಅಂದರೆ ಎಲ್ಲಿ ಸರ್? ತುಂಬಾ ಮೆಸೇಜ್ ಇದೆ.

ಹಾಸನ ಲೇಲ್ಯಾಂಡ್: ಡೀಸೆಲ್ ಟ್ಯಾಂಕ್ ತೂತಾಗಿದೆ. ಖಾಲಿ ಮಾಡಿದ್ದೇನೆ. ವೆಲ್ಡಿಂಗ್ ಹೊಡೆಸಲಾ?

ಮೇಸ್ತ್ರಿ: ಬೇಡ. ಖಾಲಿ ಟ್ಯಾಂಕೇ ಸಿಡಿಯುವುದು, ಒಳಗೆ ಆವಿ ಇರುತ್ತದೆ. ಟ್ಯಾಂಕ್ ಕೆಲಸದವರ ಹತ್ತಿರ ಕೊಡಿ.

ಗದಗ ಕಾಮೆಟ್: ಮೇಸ್ತ್ರಿಯವರೇ, ಟೈರ್ ಅಂಗಡಿಯಲ್ಲಿ ಕೇಳಿದೆ. ಪಂಜರ ಇಲ್ಲವಂತೆ, ಟೈರನ್ನು ಲಾರಿ ಅಡಿಗೆ ತಳ್ಳಿ ತುಂಬಿಸುತ್ತೇವೆ ಅಂತಾರೆ.

ಮೇಸ್ತ್ರಿ: ಬೇರೆ ಅಂಗಡಿ. ರಿಂಗು ಅದೇ ಡಿಸ್ಕಿನದು ಸಿಗುವವರೆಗೆ ಗಾಳಿಯ ಮಾತೇ ಬೇಡ ಅಂತ ಹೇಳಿದೆ. ಓದಿದಿರಾ?

ಗದಗ ಕಾಮೆಟ್: ಓದಿದೆ ರೀ. ಸಿಟ್ಟು ಯಾಕೆ?

ತುಮಕೂರು ಫಾರ್ಗೋ: ಇದೊಂದು ವಿಡಿಯೊ ನೋಡಿ ಎಲ್ಲರೂ. ರೇಡಿಯೇಟರ್ ಸೋರಿದರೆ ಅರಿಶಿನ ಪುಡಿ ಹಾಕಿದರೆ ನಿಲ್ಲುತ್ತದಂತೆ.

ಮೇಸ್ತ್ರಿ: ಸೋರುವುದು ನಿಲ್ಲುತ್ತದೆ, ನೀರು ಹರಿಯುವುದೂ ನಿಲ್ಲುತ್ತದೆ. ನಾನು ಊಟ ಮಾಡಬೇಕು. ಮಧ್ಯಾಹ್ನದಿಂದ ಕೂತಿದ್ದೇನೆ.

ಸಕಲೇಶಪುರ ಟಾಟಾ: ಹೋಗುವ ಮುಂಚೆ ಒಂದೇ ಒಂದು ಮೇಸ್ತ್ರಿಗಳೇ. ಮುಚ್ಚಳ ಬಿಚ್ಚಿದೆವು. ಹಿಂದಿನಿಂದ ಎರಡನೇ ಪ್ಲಂಜರ್ ಹತ್ತಿರ ಕೆಂಪು ತುಕ್ಕು ಕಾಣುತ್ತಿದೆ, ಉಳಿದ ಐದು ಹೊಳೆಯುತ್ತಿವೆ. ಅಳಿಯ ಪಂಪ್ ಇಳಿಸೋಣ ಅನ್ನುತ್ತಿದ್ದಾನೆ.

ಮೇಸ್ತ್ರಿ: ಅದೇ ಹಿಡಿದಿರುವುದು. ಇಳಿಸಿ. ಆದರೆ ಬಿಚ್ಚುವ ಮುಂಚೆ, ಪಂಪನ್ನು ಎಂಜಿನ್‌ಗೆ ಜೋಡಿಸುವ ಕಪ್ಲಿಂಗ್ ಎರಡೂ ಕಡೆ ಪಂಚ್‌ನಲ್ಲಿ ಚುಕ್ಕಿ ಹೊಡೆಯಿರಿ, ಪಂಪಿನ ಪಟ್ಟಿಗೂ ಎಂಜಿನ್‌ಗೂ ಸೇರಿಸಿ ಒಂದು ಗೆರೆ ಕೊರೆಯಿರಿ. ಇಲ್ಲದಿದ್ದರೆ ವಾಪಸ್ ಕೂರಿಸುವಾಗ ಟೈಮಿಂಗ್ ಸಿಗುವುದಿಲ್ಲ. ಆರು ಪೈಪಿಗೂ ನಂಬರ್ ಚೀಟಿ ಕಟ್ಟಿ, ಬಾಯಿಗಳಿಗೆ ಪ್ಲಾಸ್ಟಿಕ್ ಸುತ್ತಿ. ಪಂಪ್ ಭಾರ ಇದೆ, ನೀವು ಎತ್ತಬೇಡಿ, ಅಳಿಯಂದಿರು ಎತ್ತಲಿ. ಬೆಂಚಿನ ಮೇಲೆ ಇಟ್ಟ ಮೇಲೆ ಫೋಟೋ ನನಗೆ ಬೇರೆ ಕಳಿಸಿ, ಇಲ್ಲಿ ಹಾಕಬೇಡಿ.

ಹುಬ್ಬಳ್ಳಿ ಟಾಟಾ: ಸ್ಟಾರ್ ಬಗ್ಗೆ ಮೇಸ್ತ್ರಿಯವರು ಏನೂ ಹೇಳಲಿಲ್ಲ.

ಮೈಸೂರು ಹಳೇಗಾಡಿ: ಹೇಳುವುದಕ್ಕೆ ಏನಿದೆ? 1969.

ಅಡ್ಮಿನ್: ಇವತ್ತಿಗೆ ಗ್ರೂಪ್ ಲಾಕ್ ಮಾಡುತ್ತಿದ್ದೇನೆ.