ರಾಯರ ಚಕ್ಕುಲಿ ಡಬ್ಬಿಯ ಪೆನ್‌ಡ್ರೈವುಗಳು

ಸರಸ್ವತಿಪುರಂನ ನಮ್ಮ ಶೆಟ್ಟರ ಡಿಟಿಪಿ ಅಂಗಡಿಯ ಮುಂದೆ ಮೂರು ಪ್ಲಾಸ್ಟಿಕ್ ಕುರ್ಚಿಗಳೂ ಕಾಲು ಕುಂಟುವ ಒಂದು ಬೆಂಚೂ ಇವೆ. ಕರೆಂಟು ಹೋದ ಸಂಜೆಗಳಲ್ಲಿ ನಾವು ನಾಲ್ಕೈದು ಮಂದಿ ಅಲ್ಲಿ ಸೇರುತ್ತೇವೆ. ಕರೆಂಟು ಇದ್ದಾಗಲೂ ಸೇರುತ್ತೇವೆ, ಆದರೆ ಆಗ ಶೆಟ್ಟರ ಗಮನವೆಲ್ಲ ಜೆರಾಕ್ಸ್ ಯಂತ್ರದ ಮೇಲಿರುವುದರಿಂದ ಹರಟೆಗೆ ಕಳೆ ಕಟ್ಟುವುದಿಲ್ಲ. ಕಳೆದ ಗುರುವಾರ ಕರೆಂಟು ಹೋದ ಹೊತ್ತಿಗೆ ಸರಿಯಾಗಿ, ಬ್ಯಾಂಕಿನಲ್ಲಿ ಮ್ಯಾನೇಜರಾಗಿದ್ದು ನಿವೃತ್ತರಾದ ರಾಯರು ಕಂಕುಳಲ್ಲಿ ಒಂದು ಸ್ಟೀಲ್ ಡಬ್ಬಿಯನ್ನು ಅವುಚಿಕೊಂಡು ಬಂದರು. ಅದು ಅವರ ಮನೆಯ ಚಕ್ಕುಲಿ ಡಬ್ಬಿಯೆಂದು ಗುರುತು ಹಿಡಿದ ಮೇಷ್ಟರು ಎದ್ದು ನಿಂತು ಬರಮಾಡಿಕೊಂಡರು. ಮುಚ್ಚಳ ತೆಗೆದರೆ ಒಳಗೆ ಇದ್ದದ್ದು ಪೆನ್‌ಡ್ರೈವುಗಳು. ಎಣಿಸಿದಾಗ 23 ಇದ್ದವು.

“ಇವುಗಳಲ್ಲಿ ಒಂದಕ್ಕೂ ನಾನು ಕಾಸು ಕೊಟ್ಟಿಲ್ಲ” ಎಂದು ರಾಯರು ಹೆಮ್ಮೆಯಿಂದ ಹೇಳಿದರು.

ಅದನ್ನು ಅವರು ಹೇಳಬೇಕಾಗಿರಲಿಲ್ಲ. ಪ್ರತಿಯೊಂದರ ಮೈಮೇಲೂ ಯಾವುದಾದರೊಂದು ಕಂಪನಿಯ ಮುದ್ರೆಯಿತ್ತು. ಒಂದು ಟ್ರ್ಯಾಕ್ಟರಿನ ಆಕಾರದಲ್ಲಿತ್ತು; ಅದನ್ನು ಚುಚ್ಚಿದರೆ ಅದರ ದೊಡ್ಡ ಚಕ್ರ ಪಕ್ಕದ ಎರಡು ಕಿಂಡಿಗಳನ್ನೂ ಮುಚ್ಚಿಬಿಡುತ್ತಿತ್ತು. ಇನ್ನೊಂದು ಸಿಮೆಂಟಿನ ಮೂಟೆಯಂತಿತ್ತು. ಮತ್ತೊಂದು ಬೀಗದ ಕೈಯ ಆಕಾರದಲ್ಲಿದ್ದು, ರಾಯರು ಅದನ್ನು ಬೀಗದ ಕೈಗೊಂಚಲಿಗೇ ಸಿಕ್ಕಿಸಿದ್ದರಿಂದ, ಅವರ ಮನೆಯವರು ಒಮ್ಮೆ ಕತ್ತಲೆಯಲ್ಲಿ ಹತ್ತು ನಿಮಿಷ ಅದರಿಂದಲೇ ಬಾಗಿಲು ತೆಗೆಯಲು ಹೆಣಗಿದ್ದರಂತೆ. ನಮ್ಮ ಗುಂಪಿನ ದಂತವೈದ್ಯೆ ಡಾಕ್ಟರಮ್ಮನವರು ಇದನ್ನು ಕೇಳಿ ನಕ್ಕು, ತಮ್ಮ ಕೈಚೀಲದಿಂದ ದವಡೆ ಹಲ್ಲಿನ ಆಕಾರದ ಒಂದು ಪೆನ್‌ಡ್ರೈವನ್ನು ತೆಗೆದು ತೋರಿಸಿದರು. ಸಮ್ಮೇಳನವೊಂದರಲ್ಲಿ ಟೂತ್‌ಪೇಸ್ಟಿನವರು ಕೊಟ್ಟದ್ದು. ಬೇರನ್ನು ಹಿಡಿದು ಎಳೆದರೆ ಹಲ್ಲು ಕಳಚಿ ಒಳಗಿನ ಲೋಹದ ತುದಿ ಕಾಣುತ್ತಿತ್ತು.

ರಾಯರ ಸಮಸ್ಯೆ ಇಷ್ಟು. ಅವರು ಮಗಳ ಮದುವೆಯ ವಿಡಿಯೊವನ್ನು ವಿಮೆಯವರ ಸಭೆಯೊಂದರಲ್ಲಿ ಸಿಕ್ಕ 64 ಜಿಬಿಯ ಪೆನ್‌ಡ್ರೈವಿಗೆ ತುಂಬಿ, ಫೋಟೊಗ್ರಾಫರು ಕೊಟ್ಟಿದ್ದ ಮೂಲ ಪ್ರತಿಯನ್ನು ಅಳಿಸಿ ಬೇರೆ ಕೆಲಸಕ್ಕೆ ಬಳಸಿಕೊಂಡಿದ್ದರು. ಈಗ ನೋಡಿದರೆ ನಾಂದಿ, ವರಪೂಜೆಗಳು ಸೊಗಸಾಗಿ ಕಾಣುತ್ತವೆ; ಮುಹೂರ್ತದಿಂದ ಮುಂದಕ್ಕೆ ಕಡತಗಳ ಹೆಸರುಗಳು ಇವೆ, ಗಾತ್ರವೂ ಇದೆ, ಆದರೆ ಒಂದೂ ತೆರೆಯುವುದಿಲ್ಲ.

“ಅಂದರೆ ದಾಖಲೆಯ ಪ್ರಕಾರ ನಿಮ್ಮ ಮಗಳಿಗೆ ನಿಶ್ಚಿತಾರ್ಥವಾಗಿದೆ, ಮದುವೆ ಇನ್ನೂ ಆಗಿಲ್ಲ” ಎಂದು ಮೇಷ್ಟರು ಚಕ್ಕುಲಿ ಸಿಗದ ಸೇಡನ್ನು ತೀರಿಸಿಕೊಂಡರು.

ಕಾಲೇಜಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನೆಂಬ ಕಾರಣಕ್ಕೆ ಎಲ್ಲರೂ ನನ್ನ ಮುಖ ನೋಡಿದರು. ಇದು 64 ಜಿಬಿಯ ಡ್ರೈವು ಎಂದು ಹೇಳುತ್ತಿರುವುದು ಅದರ ಒಳಗಿನ ಕಂಟ್ರೋಲರ್ ಚಿಪ್ಪೇ ಹೊರತು ಅಲ್ಲಿರುವ ಜಾಗವಲ್ಲ, ಆ ಚಿಪ್ಪಿಗೆ ಸುಳ್ಳು ಹೇಳಲು ಕಲಿಸಿರುವ ಸಾಧ್ಯತೆ ಇದೆ, ಬಹುಶಃ ನಿಜವಾದ ಜಾಗ 8 ಜಿಬಿ ಇದ್ದೀತು ಎಂದು ವಿವರಿಸಿದೆ. ಇಂತಹ ಡ್ರೈವುಗಳಲ್ಲಿ ಕೆಲವು, ಜಾಗ ಮುಗಿದ ಮೇಲೆ ಬಂದದ್ದನ್ನು ಗಾಳಿಗೆ ಬಿಡುತ್ತವೆ. ಕೆಲವು ಮೊದಲು ಬರೆದದ್ದರ ಮೇಲೆಯೇ ಮತ್ತೆ ಬರೆಯುತ್ತವೆ. ಎರಡರಲ್ಲೂ ಕಡತಗಳ ಪಟ್ಟಿ ಮಾತ್ರ ಅಚ್ಚುಕಟ್ಟಾಗಿ ಉಳಿಯುತ್ತದೆ.

“ಪಂಕ್ತಿಯಲ್ಲಿ ಎಲೆ ಹಾಸಿ, ಉಪ್ಪು ಬಡಿಸಿ, ಅನ್ನ ಮಾತ್ರ ಬಾರದ ಹಾಗೆ” ಎಂದರು ಡಾಕ್ಟರಮ್ಮ.

ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸ್ ಮತ್ತು ಮ್ಯಾಕ್‌ಗಳಲ್ಲಿ ಎಫ್3 ಎಂಬ ಪುಕ್ಕಟೆ ತಂತ್ರಾಂಶಗಳಿವೆ. ಅವು ಡ್ರೈವಿನ ತುದಿಯವರೆಗೆ ಏನನ್ನಾದರೂ ಬರೆದು, ಮತ್ತೆ ಓದಿ, ಬರೆದದ್ದೂ ಓದಿದ್ದೂ ತಾಳೆಯಾಗುತ್ತದೆಯೇ ಎಂದು ಹೇಳುತ್ತವೆ. ಉಡುಗೊರೆಯ ಡ್ರೈವಿಗೆ ಮೊದಲು ಆ ಪರೀಕ್ಷೆ ಮಾಡಿಸದೆ ಮದುವೆಯನ್ನು ತುಂಬಬಾರದಿತ್ತು ಎಂದೆ. ರಾಯರು ನಿಟ್ಟುಸಿರು ಬಿಟ್ಟು, “ದಾನಕ್ಕೆ ಬಂದ ಹಸುವಿನ ಹಲ್ಲು ಎಣಿಸಬಾರದು ಎನ್ನುತ್ತಾರಲ್ಲ” ಎಂದರು. ಹಲ್ಲಿನ ವಿಷಯದಲ್ಲಿ ಆ ಗಾದೆ ತಮಗೆ ಒಪ್ಪಿಗೆಯಿಲ್ಲವೆಂದು ಡಾಕ್ಟರಮ್ಮ ತಿಳಿಸಿದರು.

ಇಷ್ಟಕ್ಕೂ ಕಂಪನಿಗಳು ಹಂಚಲು ಇವನ್ನು ತರಿಸಿಕೊಳ್ಳುವ ಬಗೆಯನ್ನು ಶೆಟ್ಟರು ಬಲ್ಲರು, ಏಕೆಂದರೆ ಅವರೂ ಎರಡು ಸಲ ಅಂತಹ ಆರ್ಡರು ಹಿಡಿದಿದ್ದಾರೆ. “500 ಬೇಕು ಎನ್ನುತ್ತಾರೆ. ಮುದ್ರೆಯ ನೀಲಿ ಬಣ್ಣ ಸರಿಯಾಗಿದೆಯೇ ಎಂದು ಮೂರು ಸಲ ಕೇಳುತ್ತಾರೆ. ಒಂದಕ್ಕೆ ಐದು ರೂಪಾಯಿ ಇಳಿಸಲು ಅರ್ಧ ದಿನ ಚೌಕಾಸಿ ಮಾಡುತ್ತಾರೆ. ಒಳಗಿನ ಚಿಪ್ಪು ಯಾರದ್ದು ಎಂದು ಇಂದಿನವರೆಗೆ ಒಬ್ಬರೂ ಕೇಳಿಲ್ಲ, ಕೇಳಿದ್ದರೆ ನನಗೂ ಗೊತ್ತಿರಲಿಲ್ಲ” ಎಂದು ಅವರು ಪ್ರಾಮಾಣಿಕವಾಗಿ ಒಪ್ಪಿಕೊಂಡರು. 2000ನೆಯ ಇಸವಿಯ ಕೊನೆಗೆ ಐಬಿಎಂ ಅಮೆರಿಕದಲ್ಲಿ ಮಾರಾಟಕ್ಕಿಟ್ಟ ಪೆನ್‌ಡ್ರೈವಿನಲ್ಲಿ ಇದ್ದದ್ದು 8 ಎಂಬಿ ಜಾಗ. ಇಂದಿನ ಫೋನಿನಲ್ಲಿ ತೆಗೆದ ಮೂರು ಫೋಟೊ ಹಾಕಿದರೆ ಅದು ಭರ್ತಿಯಾದೀತು. ಆದರೆ ಅದು ಹೇಳಿದ 8 ಅಂತೂ ನಿಜವಾದ 8 ಆಗಿತ್ತು.

“ಇರಲಿ, ಉಳಿದವುಗಳನ್ನಾದರೂ ನಿಮ್ಮ ಲ್ಯಾಪ್‌ಟಾಪಿಗೆ ಚುಚ್ಚಿ ನೋಡಿ, ಬ್ಯಾಟರಿಯಲ್ಲಿ ನಡೆಯುತ್ತದಲ್ಲ” ಎಂದು ರಾಯರು ಸಿಮೆಂಟಿನ ಮೂಟೆಯನ್ನು ನನ್ನ ಕಡೆಗೆ ನೀಡಿದರು. ನಾನು ಲ್ಯಾಪ್‌ಟಾಪಿನ ಮುಚ್ಚಳವನ್ನು ಇಳಿಸಿ ಅದರ ಮೇಲೆ ಮೊಣಕೈ ಊರಿದೆ. ರಾಯರಿಗೆ ಅವಮಾನವಾಯಿತು. “ಇದನ್ನು ಕೊಟ್ಟವರು ದೊಡ್ಡ ಕಂಪನಿಯವರು” ಎಂದರು.

ಆಗ ನಾನು ತೈವಾನಿನ ಪೊಲೀಸರ ಕತೆಯನ್ನು ಹೇಳಬೇಕಾಯಿತು. 2017ರ ಡಿಸೆಂಬರಿನಲ್ಲಿ ಅಲ್ಲಿನ ಅಪರಾಧ ತನಿಖಾ ವಿಭಾಗವು ಮಾಹಿತಿ ಸುರಕ್ಷತೆಯ ಕುರಿತ ಒಂದು ಪ್ರದರ್ಶನದಲ್ಲಿ ರಸಪ್ರಶ್ನೆ ಏರ್ಪಡಿಸಿ, ಸೈಬರ್ ಸುರಕ್ಷತೆಯ ಬಗ್ಗೆ ಸರಿಯುತ್ತರ ಹೇಳಿದವರಿಗೆ ಪೆನ್‌ಡ್ರೈವುಗಳನ್ನು ಬಹುಮಾನವಾಗಿ ಹಂಚಿತು. ಹಾಗೆ ತರಿಸಿದ್ದ 250ರಲ್ಲಿ 54 ಡ್ರೈವುಗಳಲ್ಲಿ ವೈರಸ್ಸಿತ್ತು. ಯಾರೂ ಬೇಕೆಂದು ಹಾಕಿದ್ದಲ್ಲ. ಸರಬರಾಜು ಮಾಡಿದ ಗುತ್ತಿಗೆದಾರನ ನೌಕರನೊಬ್ಬ ಅವುಗಳ ಜಾಗವನ್ನು ಪರೀಕ್ಷಿಸಲು ಬಳಸಿದ ಕಂಪ್ಯೂಟರಿಗೆ ಮೊದಲೇ ಸೋಂಕು ತಗುಲಿತ್ತು.

“ಹಾಗಾದರೆ ತಪ್ಪು ಉತ್ತರ ಹೇಳಿದವರು ಸುರಕ್ಷಿತವಾಗಿ ಮನೆಗೆ ಹೋದರು” ಎಂದು ಮೇಷ್ಟರು ಪರಮಾನಂದಪಟ್ಟರು. ಮೂವತ್ತು ವರ್ಷ ವಿಜ್ಞಾನ ಕಲಿಸಿದವರಿಗೆ ಇಂತಹ ನ್ಯಾಯ ಅಪರೂಪಕ್ಕೆ ಕಾಣಸಿಗುತ್ತದೆ. 2010ರಲ್ಲಿ ಆಸ್ಟ್ರೇಲಿಯಾದ ಆಸ್‌ಸರ್ಟ್ ಎಂಬ ಭದ್ರತಾ ಸಮ್ಮೇಳನದಲ್ಲಿ ಐಬಿಎಂ ಹಂಚಿದ ಪೆನ್‌ಡ್ರೈವುಗಳಲ್ಲೂ ಹೀಗೆಯೇ ಸೋಂಕು ಕಂಡುಬಂದು, ಆ ಕಂಪನಿಯೇ ಬಂದವರಿಗೆಲ್ಲ ಎಚ್ಚರಿಕೆಯ ಪತ್ರ ಬರೆಯಬೇಕಾಯಿತು ಎಂದು ನಾನು ಸೇರಿಸಿದೆ. ಮುದ್ರೆ ದೊಡ್ಡದಾದಷ್ಟಕ್ಕೆ ಡ್ರೈವು ಮಡಿಯಾಗುವುದಿಲ್ಲ. ಅದು ಎಷ್ಟು ಕೈ ಮುಟ್ಟಿ ಬಂದಿದೆ ಎಂಬುದು ಮುಖ್ಯ.

“ನನ್ನ ಹತ್ತಿರ ಆಂಟಿವೈರಸ್ ಇದೆ” ಎಂದು ರಾಯರು ಕೊನೆಯ ಅಸ್ತ್ರ ಪ್ರಯೋಗಿಸಿದರು. ಅದು ಇರಬೇಕಾದದ್ದೇ. ಆದರೆ 2014ರಲ್ಲಿ ಕಾರ್ಸ್ಟನ್ ನೋಲ್ ಮತ್ತು ಯಾಕೋಬ್ ಲೆಲ್ ಎಂಬ ಇಬ್ಬರು ಸಂಶೋಧಕರು, ಪೆನ್‌ಡ್ರೈವಿನ ಕಂಟ್ರೋಲರಿನೊಳಗೆ ಕುಳಿತು ಅದನ್ನು ನಡೆಸುವ ತಂತ್ರಾಂಶವಾದ ಫರ್ಮ್‌ವೇರನ್ನೇ ಬದಲಾಯಿಸಿದರೆ ಅದು ತಾನು ಡ್ರೈವೇ ಅಲ್ಲ, ಕೀಬೋರ್ಡು ಎಂದು ಕಂಪ್ಯೂಟರನ್ನು ನಂಬಿಸಿ, ಯಾರೂ ಮುಟ್ಟದಿದ್ದರೂ ಆಜ್ಞೆಗಳನ್ನು ಟೈಪು ಮಾಡಬಲ್ಲದು ಎಂದು ತೋರಿಸಿಕೊಟ್ಟರು. ಆಂಟಿವೈರಸ್ ನೋಡುವುದು ಕಡತಗಳನ್ನು. ಕೀಬೋರ್ಡಿನ ವೇಷ ಹಾಕಿ ಬಂದವನ ಜೇಬನ್ನು ಅದು ತಡವುವುದಿಲ್ಲ.

ಈ ಹಂತದಲ್ಲಿ ಶೆಟ್ಟರು ಮೌನವಾಗಿದ್ದದ್ದನ್ನು ಎಲ್ಲರೂ ಗಮನಿಸಿದೆವು. ವೈರಸ್ಸಿನ ವಿಷಯದಲ್ಲಿ ಅವರ ಅಂಗಡಿಯ ಎರಡನೆಯ ಕಂಪ್ಯೂಟರು ಊರ ಬಾವಿಯಿದ್ದಂತೆ. ಎಲ್ಲರ ಕೊಡವೂ ಅದರೊಳಗೆ ಇಳಿಯುತ್ತದೆ. ಪ್ರಬಂಧದ ಪ್ರಿಂಟು ತೆಗೆಸಲು ಬಂದ ಹುಡುಗಿಯೊಬ್ಬಳ ಡ್ರೈವಿನಲ್ಲಿ ಫೋಲ್ಡರುಗಳೆಲ್ಲ ಒಂದು ಮಧ್ಯಾಹ್ನ ಶಾರ್ಟ್‌ಕಟ್‌ಗಳಾಗಿ ಮಾರ್ಪಟ್ಟು, ಅವಳು ಅಳತೊಡಗಿ, ಶೆಟ್ಟರು ಕಪ್ಪು ಪರದೆ ತೆರೆದು ‘ಆಟ್ರಿಬ್’ ಎಂಬ ಆಜ್ಞೆಯನ್ನು ಮಂತ್ರದಂತೆ ಹೊಡೆದು, ಅಡಗಿದ್ದ ಕಡತಗಳನ್ನು ಹೊರಗೆ ತಂದ ಪ್ರಸಂಗವನ್ನು ಅವರು ತಮ್ಮ ಸಾಧನೆಯೆಂದೇ ಹೇಳಿಕೊಳ್ಳುತ್ತಾರೆ. ಅವಳ ಡ್ರೈವಿಗೆ ಆ ರೋಗ ಎಲ್ಲಿ ಅಂಟಿತು ಎಂಬುದನ್ನು ಹೇಳುವುದಿಲ್ಲ. ಅಂಗಡಿಗೆ ಒಯ್ಯುವ ಡ್ರೈವಿನಲ್ಲಿ ಆ ದಿನ ಪ್ರಿಂಟಾಗಬೇಕಾದ ಒಂದು ಪಿಡಿಎಫ್ ಬಿಟ್ಟು ಬೇರೇನೂ ಇರಬಾರದು ಎಂದು ನಾನು ಹೇಳಿದೆ. “ಅದಕ್ಕೆ ಮಾತ್ರ ಈ ಪುಕ್ಕಟೆ ಮಾಲು ಲಾಯಕ್ಕು. ಇದು ಸಿಟಿ ಬಸ್ಸು. ಹತ್ತಿ ಇಳಿಯಬೇಕೇ ಹೊರತು ಅದರಲ್ಲಿ ಸಂಸಾರ ಹೂಡಬಾರದು” ಎಂದರು ಮೇಷ್ಟರು. ಶೆಟ್ಟರು ಬೇಸರಿಸಿಕೊಳ್ಳದೆ ಎಲ್ಲರಿಗೂ ಚಹಾ ಹೇಳಿದರು.

ಡಾಕ್ಟರಮ್ಮನವರು ಅಷ್ಟರಲ್ಲಿ ತಮ್ಮ ಹಲ್ಲನ್ನು ಮೆಲ್ಲಗೆ ಕೈಚೀಲಕ್ಕೆ ಸೇರಿಸುತ್ತಿದ್ದರು. ಅದರಲ್ಲಿ ಏನಿದೆ ಎಂದು ಕೇಳಿದಾಗ, ಇನ್ನೊಬ್ಬ ತಜ್ಞರಿಗೆ ತೋರಿಸಬೇಕಾದ ರೋಗಿಗಳ ಎಕ್ಸ್‌ರೇಗಳು, ಹೆಸರು, ವಯಸ್ಸು, ಫೋನ್ ನಂಬರುಗಳ ಸಮೇತ ಇವೆ ಎಂದರು. ಪಾಸ್‌ವರ್ಡ್ ಇರಲಿಲ್ಲ. ಆಟೋದಲ್ಲಿ ಬಿದ್ದುಹೋದರೆ ಏನಾಗುತ್ತದೆ ಎಂಬುದಕ್ಕೆ ನಾನು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಪ್ರಯೋಗವನ್ನು ನೆನಪಿಸಿದೆ. ಅಲ್ಲಿನ ಸಂಶೋಧಕರು ಕ್ಯಾಂಪಸ್ಸಿನಲ್ಲಿ 297 ಪೆನ್‌ಡ್ರೈವುಗಳನ್ನು ಬೇಕೆಂದೇ ಬೀಳಿಸಿ ಕಾದರು. 2016ರಲ್ಲಿ ಪ್ರಕಟವಾದ ಅವರ ಲೆಕ್ಕದ ಪ್ರಕಾರ ಅವುಗಳಲ್ಲಿ ಕನಿಷ್ಠ 45 ಶೇಕಡಾದಷ್ಟನ್ನು ಸಿಕ್ಕವರು ಕಂಪ್ಯೂಟರಿಗೆ ಚುಚ್ಚಿ, ಕಡತಗಳನ್ನು ತೆರೆದೇ ನೋಡಿದ್ದರು. ನಮ್ಮ ಊರಿನಲ್ಲಾದರೆ ಹಲ್ಲಿನ ಆಕಾರದ್ದನ್ನು ಯಾರು ತಾನೆ ಬಿಟ್ಟಾರು? ರೋಗಿಗಳ ವಿವರವೆಂದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯೂ ನೆನಪಿಗೆ ಬರಬೇಕಾದ ಮಾತು.

ಬೀಗ ಹಾಕುವ ಬಗೆ ಕಷ್ಟದ್ದೇನಲ್ಲ. ವಿಂಡೋಸ್‌ನ ಪ್ರೊ ಆವೃತ್ತಿಯಲ್ಲಿ ಬಿಟ್‌ಲಾಕರ್ ಟು ಗೋ ಎಂಬ ಬೀಗವಿದ್ದು, ಡ್ರೈವಿನ ಮೇಲೆ ಬಲಗುಂಡಿ ಒತ್ತಿ ಅದನ್ನು ಚಾಲೂ ಮಾಡಬಹುದು. ಹೋಮ್ ಆವೃತ್ತಿಯಲ್ಲಿ ಅಂತಹ ಬೀಗವನ್ನು ತೆರೆಯಬಹುದೇ ಹೊರತು ಹೊಸದಾಗಿ ಹಾಕಲು ಬರುವುದಿಲ್ಲ. ಡಾಕ್ಟರಮ್ಮನವರದ್ದು ಹೋಮ್ ಆದ್ದರಿಂದ ವೆರಾಕ್ರಿಪ್ಟ್ ಎಂಬ ಉಚಿತ ತಂತ್ರಾಂಶವನ್ನು ಹಾಕಿಕೊಳ್ಳುವುದೆಂದು ತೀರ್ಮಾನವಾಯಿತು. ಪಾಸ್‌ವರ್ಡ್ ಮರೆತರೆ ಅದನ್ನು ತೆರೆದುಕೊಡುವ ಅಧಿಕಾರಿ ಯಾರೂ ಇಲ್ಲವೆಂಬುದನ್ನೂ ತಿಳಿಸಿದೆ. ಆಗ ರಾಯರು ಉತ್ಸಾಹದಿಂದ, ತಮ್ಮ ಒಂದು ಡ್ರೈವಿಗೆ ಅಳಿಯ ಆಗಲೇ ಬಿಟ್‌ಲಾಕರ್ ಹಾಕಿಕೊಟ್ಟಿದ್ದಾನೆಂದು ಹೇಳಿ, ಆಸ್ತಿ ಪತ್ರಗಳಿರುವ ಟ್ರ್ಯಾಕ್ಟರನ್ನು ಎತ್ತಿ ಹಿಡಿದರು. ಅದರ ಬಾನೆಟ್ಟಿನ ಮೇಲೆ ಬಿಳಿಯ ಚೀಟಿ ಅಂಟಿಸಿತ್ತು. ಚೀಟಿಯ ಮೇಲೆ ಬ್ಯಾಂಕಿನ ಲೆಡ್ಜರಿನ ದುಂಡು ಅಕ್ಷರಗಳಲ್ಲಿ ಪಾಸ್‌ವರ್ಡ್ ಬರೆದಿತ್ತು. ಮೇಷ್ಟರು ಅದನ್ನು ಗಟ್ಟಿಯಾಗಿ ಓದಿದರು.

ಮೂರು ಪ್ರತಿಗಳಿರಬೇಕು, ಎರಡು ಬಗೆಯ ಸಾಧನಗಳಲ್ಲಿರಬೇಕು, ಒಂದು ಮನೆಯಿಂದ ಹೊರಗಿರಬೇಕು ಎಂಬ ಸೂತ್ರವನ್ನೂ ಹೇಳಿದೆ. ರಾಯರು 23 ಇವೆಯಲ್ಲ ಎಂದರು. ಎಲ್ಲವೂ ಒಂದೇ ಡಬ್ಬಿಯಲ್ಲಿವೆ ಎಂದು ಡಾಕ್ಟರಮ್ಮ ನೆನಪಿಸಿದರು. ಫ್ಲಾಶ್ ಮೆಮೊರಿಯಲ್ಲಿ ಬರಹವೆಂದರೆ ಸಣ್ಣ ಸಣ್ಣ ಕೋಶಗಳಲ್ಲಿ ಕೂಡಿಹಾಕಿದ ವಿದ್ಯುದಂಶವಷ್ಟೆ. ವರ್ಷಗಟ್ಟಲೆ ಸುಮ್ಮನೆ ಇಟ್ಟರೆ ಅದು ಸೋರುತ್ತದೆ, ಸೆಕೆಯಲ್ಲಿ ಇನ್ನೂ ಬೇಗ ಸೋರುತ್ತದೆ ಎಂದು ಮೇಷ್ಟರು ತಮ್ಮ ಪಾಠವನ್ನು ಮುಗಿಸುವ ಹೊತ್ತಿಗೆ ಚಹಾ ಬಂತು. ಡಬ್ಬಿಯ ಜಾಗ ಅಡುಗೆಮನೆಯಲ್ಲಿ ಒಲೆಯ ಮೇಲಿನ ಅಟ್ಟ ಎಂಬ ಸಂಗತಿ ಆಗ ಹೊರಬಿತ್ತು.

“ಇನ್ನು ಇವೆಲ್ಲ ಬೇಡ. ಅಳಿಸಿ, ಬೇಕಾದವರಿಗೆ ಹಂಚಿಬಿಡುತ್ತೇನೆ. ಮೊಮ್ಮಗನ ಉಪನಯನದಲ್ಲಿ ಭಾವಮೈದನಿಗೂ ಒಂದನ್ನು ಹಾಗೆಯೇ ಅಳಿಸಿ ಕೊಟ್ಟೆ” ಎಂದರು ರಾಯರು.

ಅಳಿಸುವುದೆಂದರೆ ಹಾಜರಿ ಪುಸ್ತಕದಲ್ಲಿ ಹುಡುಗನ ಹೆಸರು ಹೊಡೆದುಹಾಕಿದಂತೆ, ಹುಡುಗ ಮಾತ್ರ ಹಿಂದಿನ ಬೆಂಚಿನಲ್ಲಿಯೇ ಕುಳಿತಿರುತ್ತಾನೆ ಎಂದು ನಾನು ಹೇಳಿದೆ. ಕ್ವಿಕ್ ಫಾರ್ಮ್ಯಾಟ್ ಮಾಡಿದರೂ ಅಷ್ಟೆ. ಫೋಟೊರೆಕ್‌ನಂತಹ ಉಚಿತ ತಂತ್ರಾಂಶದಿಂದ ಅಂತಹವನ್ನು ಮತ್ತೆ ಎಬ್ಬಿಸಬಹುದು. ವಿಂಡೋಸ್‌ನಲ್ಲಿ ಪೂರ್ತಿ ಫಾರ್ಮ್ಯಾಟ್ ಮಾಡಿದರೆ ಉದ್ದಕ್ಕೂ ಸೊನ್ನೆಗಳನ್ನು ಬರೆಯುತ್ತದೆ, ಅದು ಎಷ್ಟೋ ವಾಸಿ. ಮೊದಲಿನಿಂದಲೇ ಅಂತಹ ಬೀಗ ಹಾಕಿ ಎನ್‌ಕ್ರಿಪ್ಟ್ ಮಾಡಿದ್ದರೆ ಇನ್ನೂ ವಾಸಿ.

ರಾಯರ ಮುಖ ಬಿಳಿಚಿಕೊಂಡಿತು. ಆ ಡ್ರೈವಿನಲ್ಲಿ ಅವರು ತಮ್ಮ ಅಣ್ಣನಿಗೆ ಬರೆದ ಒಂದು ದೀರ್ಘ ಪತ್ರವಿತ್ತಂತೆ. ಪತ್ರದ ವಿಷಯ ಭಾವಮೈದನೇ. ಭಾವಮೈದನ ಮಗ ಕಂಪ್ಯೂಟರ್ ಎಂಜಿನಿಯರಿಂಗ್ ಓದುತ್ತಿದ್ದಾನೆ. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ರಾಯರಿಗೆ ಏನೋ ಹೊಳೆದು ಜೀವ ಬಂದಂತಾಯಿತು. “ಅದನ್ನು ನಾನು ಹಳೆಯ ‘ನುಡಿ’ ತಂತ್ರಾಂಶದಲ್ಲಿ ಟೈಪು ಮಾಡಿದ್ದೆ. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಗಜಿಬಿಜಿ ಅಕ್ಷರಗಳು ಕಾಣುತ್ತವೆ. ಇಂದಿನ ಹುಡುಗರ ಹತ್ತಿರ ಆ ಫಾಂಟು ಎಲ್ಲಿರುತ್ತದೆ?” ಎಂದರು.

ಕನ್ನಡಿಗರು ತಿಳಿಯದೆಯೇ ಕಂಡುಕೊಂಡ ಎನ್‌ಕ್ರಿಪ್ಶನ್ ಅದು ಎಂದು ನಾವೆಲ್ಲ ಒಪ್ಪಿದೆವು. ಶೆಟ್ಟರೊಬ್ಬರು ಮಾತ್ರ ಚಹಾದ ಲೋಟವನ್ನು ಕೆಳಗಿಟ್ಟರು.

“ರಾಯರೇ, ಆ ಹುಡುಗ ಹೋದ ವಾರ ಇಲ್ಲಿಗೆ ಬಂದಿದ್ದ. ನುಡಿಯ ಯಾವುದೋ ಕಡತವನ್ನು ಎಲ್ಲ ಕಂಪ್ಯೂಟರಿನಲ್ಲೂ ಓದಲು ಬರುವ ಯೂನಿಕೋಡಿಗೆ ಬದಲಾಯಿಸಿಕೊಡಿ ಎಂದ. ನಾನೇ ಮಾಡಿಕೊಟ್ಟೆ. ಗಿರಾಕಿಗಳ ಕಾಗದಗಳನ್ನು ನಾನು ಓದುವವನಲ್ಲ, ಅದು ನಿಮಗೆ ಗೊತ್ತು” ಎಂದು ಅವರು ತಡೆದರು.

“ಮತ್ತೆ?” ಎಂದರು ರಾಯರು.

“ಐದು ಪ್ರತಿ ಪ್ರಿಂಟು ತೆಗೆಸಿಕೊಂಡು ಹೋದ. ಒಂದಕ್ಕೆ ಲ್ಯಾಮಿನೇಶನ್ನೂ ಮಾಡಿಸಿದ.”

ಅಷ್ಟರಲ್ಲಿ ಕರೆಂಟು ಬಂತು, ಶೆಟ್ಟರು ಜೆರಾಕ್ಸ್ ಯಂತ್ರದ ಕಡೆಗೆ ಎದ್ದುಹೋದರು.