ದೊಡ್ಡಮ್ಮನ ಒಬ್ಬಟ್ಟು, ದೊಡ್ಡಮ್ಮನ ಬುದ್ಧಿವಾದ: ತೂಕದ ಮಾತು ಯಾಕೆ?

ಕ್ಯಾತ್ಸಂದ್ರದ ಹುಡುಗಿ:
ಮದುವೆ ಸೀಸನ್ ಬಂತು, ನನ್ನ ತೂಕ ವಿಚಾರಿಸುವವರೂ ಬಂದರು. "ನಾಚ್ಕೋಬೇಡಮ್ಮ, ಇನ್ನೊಂದು ಹಾಕಿಸ್ಕೋ" ಅಂತ ಎಲೆಗೆ ಒಬ್ಬಟ್ಟು ಹಾಕಿ ಮೇಲೆ ತುಪ್ಪ ಸುರಿಯುವ ದೊಡ್ಡಮ್ಮನೇ, ಕೈ ತೊಳೆಯುವ ಹೊತ್ತಿಗೆ ಪಕ್ಕಕ್ಕೆ ಬಂದು "ಸ್ವಲ್ಪ ಬಾಯಿ ಕಟ್ಟು, ಗಂಡಿನ ಕಡೆಯವರು ಏನಂದ್ಕೋತಾರೆ" ಅಂತಾರೆ. ಬೇಡ ಅಂದರೆ ಜಂಬ, ತಿಂದರೆ ಹೊಟ್ಟೆಬಾಕಿ. ಹೇಗಿದ್ದೀಯ ಅಂತ ಕೇಳುವ ಬದಲು "ದಪ್ಪ ಆಗಿದ್ದೀಯ" ಅನ್ನೋದು ಯಾವಾಗಿಂದ ಕ್ಷೇಮ ಸಮಾಚಾರ ಆಯಿತು?

ಶಿರಾ ಮೇಷ್ಟ್ರು:
ತಾಯಿ, ದೊಡ್ಡವರು ಹೇಳುವುದು ಪ್ರೀತಿಗೆ. ನಮ್ಮಪ್ಪ ಬೆಳಗ್ಗೆ ಮುದ್ದೆ, ರಾತ್ರಿ ಮುದ್ದೆ, ಜೊತೆಗೆ ಹುರುಳಿ ಸಾರೋ ಬಸ್ಸಾರೋ, ಅಷ್ಟರಲ್ಲೇ ಜೀವನ ಮಾಡಿದರು. ಕೊನೆಯವರೆಗೂ ಹೊಟ್ಟೆ ಬರಲಿಲ್ಲ. ಈಗಿನವರು ಮುದ್ದೆ ಬಿಟ್ಟು ಗೋಬಿ, ಪಾನಿಪುರಿ ಹಿಂದೆ ಬಿದ್ದಿದ್ದಾರೆ. ಅದನ್ನು ಹೇಳಿದರೆ ತಪ್ಪಾ?

ಬಂಗಾರಪೇಟೆ ಹೈದ:
ಮೇಷ್ಟ್ರೇ, ಏನಾದರೂ ಬೈಯಿರಿ, ಪಾನಿಪುರಿ ಸುದ್ದಿಗೆ ಮಾತ್ರ ಬರಬೇಡಿ.

ಕೋಲಾರದ ಸಿಸ್ಟರ್:
ನಾನು ನರ್ಸ್, ಇಬ್ಬರಿಗೂ ಸ್ವಲ್ಪ ಸ್ವಲ್ಪ ಹೇಳುತ್ತೇನೆ. ಮೇಷ್ಟ್ರೇ, 100 ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲೊರಿ ಇದೆ, ಅಷ್ಟೇ ಅಕ್ಕಿಯಲ್ಲಿ 350ರ ಆಸುಪಾಸು. ಭಾರೀ ವ್ಯತ್ಯಾಸವೇನಿಲ್ಲ. ರಾಗಿಯಲ್ಲಿ ನಾರು ಮತ್ತು ಕ್ಯಾಲ್ಸಿಯಂ ಜಾಸ್ತಿ, ಅದು ನಿಜ. ಆದರೆ ನಿಮ್ಮ ತಂದೆ ದಿನವಿಡೀ ಹೊಲದಲ್ಲಿ ಗೇಯ್ದಿದ್ದಾರೆ. ಅದೇ ಎರಡು ಮುದ್ದೆ ತಿಂದು ಬೈಕ್ ಹತ್ತಿ ಅಂಗಡಿಯಲ್ಲಿ ಸಂಜೆವರೆಗೂ ಕೂತರೆ ಹೊಟ್ಟೆ ಬಂದೇ ಬರುತ್ತದೆ.
ಹುಡುಗಿ, ನಿನಗೂ ಒಂದು ಮಾತು. ತೂಕಕ್ಕೂ ಕಾಯಿಲೆಗೂ ಸಂಬಂಧವೇ ಇಲ್ಲ ಅಂತ ನಾನು ಹೇಳಲ್ಲ. ನಮ್ಮವರಿಗೆ ಕಡಿಮೆ ತೂಕದಲ್ಲೇ ಶುಗರ್ ಬರುತ್ತದೆ. ಅದಕ್ಕೇ ಬೇರೆ ಕಡೆ ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟಿದೆ ಅನ್ನುವ ಲೆಕ್ಕ, 25 ದಾಟಿದರೆ ತೂಕ ಜಾಸ್ತಿ ಅಂದರೆ, ಭಾರತೀಯರಿಗೆ 23ಕ್ಕೇ ಹುಷಾರು ಅಂತಾರೆ. ಸೊಂಟದ ಸುತ್ತಳತೆ ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90 ದಾಟಬಾರದು.

ಗೌರಿಬಿದನೂರು ಕಡ್ಡಿ ಪೈಲ್ವಾನ್:
ಅಕ್ಕಾ, ನನ್ನ ಕಥೆ ಕೇಳಿ. ಹೆಸರು ನೋಡಿದರೇ ಗೊತ್ತಾಗುತ್ತದಲ್ಲ, ನಾನು ಸಣಕಲ. ನಮ್ಮನೆಯಲ್ಲಿ ಶುಗರ್ ಬಂದಿದ್ದು ನನಗೆ. ನನ್ನಣ್ಣ ಒಳ್ಳೇ ಗುಂಡಗಿದ್ದಾನೆ, ಅವನ ರಿಪೋರ್ಟ್ ಎಲ್ಲಾ ಸರಿ ಇದೆ. ಆದರೆ ಯಾರ ಮನೆಗೆ ಹೋದರೂ ಬುದ್ಧಿವಾದ ಅವನಿಗೆ, ಎರಡನೇ ಸಲ ಪಾಯಸ ನನಗೆ. "ನಿಂಗೆಲ್ಲಿ ಶುಗರ್, ಸುಮ್ನೆ ತಿನ್ನೋ" ಅಂತಾರೆ. ಮುಖ ನೋಡಿ ಕಾಯಿಲೆ ಹೇಳೋಕೆ ಇವರೇನು ಲ್ಯಾಬ್ ಇಟ್ಟಿದ್ದಾರಾ?

ಮಧುಗಿರಿ ಲಾ:
ಬಿಎಂಐ ಲೆಕ್ಕ ಮೊದಲು ಹಾಕಿದವನು ಡಾಕ್ಟರೇ ಅಲ್ಲ. 1830ರ ದಶಕದಲ್ಲಿ ಬೆಲ್ಜಿಯಂನ ಕ್ವೆಟೆಲೆ ಅನ್ನುವ ಅಂಕಿಅಂಶದ ಪಂಡಿತ, 'ಸರಾಸರಿ ಮನುಷ್ಯ' ಹೇಗಿರುತ್ತಾನೆ ಅಂತ ನೋಡಲು ಮಾಡಿದ ಸೂತ್ರ ಅದು. ಬಿಎಂಐ ಅನ್ನುವ ಹೆಸರು ಬಂದಿದ್ದು 1972ರಲ್ಲಿ. ಇಡೀ ಊರಿನ ಅಂದಾಜಿಗೆ ಸರಿ, ಒಬ್ಬಳ ಹಣೆಬರಹ ಹೇಳೋಕಲ್ಲ. ಇನ್ನು ಹಕ್ಕಿನ ವಿಷಯ. ಅಮೆರಿಕದಲ್ಲಿ ದಪ್ಪಗಿರುವವರು 1969ರಲ್ಲೇ ಸಂಘ ಕಟ್ಟಿಕೊಂಡರು. ಮಿಷಿಗನ್ ರಾಜ್ಯದಲ್ಲಿ ತೂಕ ನೋಡಿ ಕೆಲಸ ಕೊಡದಿರುವುದು 1976ರ ಕಾನೂನಿನಂತೆ ತಪ್ಪು. ನ್ಯೂಯಾರ್ಕ್ ನಗರ 2023ರಲ್ಲಿ ಇಂಥದ್ದೇ ಕಾನೂನು ಮಾಡಿತು. ನಮ್ಮಲ್ಲಿ ಸೇಲ್ಸ್ ಕೆಲಸಕ್ಕೆ "ಸ್ಮಾರ್ಟ್ ಆಗಿ ಕಾಣುವ ಹುಡುಗಿಯರು ಬೇಕು" ಅಂತ ಬೋರ್ಡ್ ಹಾಕಿದರೆ ಯಾರೂ ಕೇಳಲ್ಲ.

ಶಿರಾ ಮೇಷ್ಟ್ರು:
ಎಲ್ಲಿಯ ನ್ಯೂಯಾರ್ಕ್, ಎಲ್ಲಿಯ ತುಮಕೂರು! ಇಲ್ಲಿ ಇನ್ನೂ ಹೊಟ್ಟೆ ತುಂಬಾ ಊಟ ಸಿಗದವರಿದ್ದಾರೆ. ಸಿದ್ಧಗಂಗೆ ಮಠದಲ್ಲಿ ಸಾವಿರಾರು ಮಕ್ಕಳು ದಾಸೋಹದಲ್ಲಿ ಉಣ್ಣುತ್ತಾರೆ. ಅನ್ನದ ಬೆಲೆ ಗೊತ್ತಿರುವ ಜಿಲ್ಲೆ ಇದು. ಇಲ್ಲಿ ದಪ್ಪ ಇರುವವರ ಹಕ್ಕು ಅಂದರೆ ಜನ ನಗುತ್ತಾರೆ.

ಕ್ಯಾತ್ಸಂದ್ರದ ಹುಡುಗಿ:
ಆ ದಾಸೋಹದಲ್ಲಿ ಯಾರ ಮೈಕಟ್ಟನ್ನೂ ನೋಡಿ ಬಡಿಸಲ್ಲ ಅಲ್ವಾ ಸರ್? ನಾನು ಕೇಳ್ತಿರೋದೂ ಅಷ್ಟೇ.

ಕೋಲಾರದ ಸಿಸ್ಟರ್:
2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದ ಹೆಂಗಸರಲ್ಲಿ ನೂರಕ್ಕೆ ಸುಮಾರು 30 ಮಂದಿಗೆ ತೂಕ ಜಾಸ್ತಿ, 17 ಮಂದಿಗೆ ಕಡಿಮೆ. ಎರಡೂ ಒಂದೇ ಬೀದಿಯಲ್ಲಿ ಸಿಗುತ್ತವೆ ಮೇಷ್ಟ್ರೇ, ಒಂದನ್ನು ತೋರಿಸಿ ಇನ್ನೊಂದರ ಬಾಯಿ ಮುಚ್ಚಿಸೋಕಾಗಲ್ಲ.

ಕ್ಯಾತ್ಸಂದ್ರದ ಹುಡುಗಿ:
ಸಿಸ್ಟರ್, ಮಂಡಿ ಉಳುಕಿತು ಅಂತ ಒಂದು ಕ್ಲಿನಿಕ್‌ಗೆ ಹೋದೆ. ಮಂಡಿ ಮುಟ್ಟಿಯೂ ನೋಡದೆ "ಮೊದಲು ತೂಕ ಇಳಿಸಿ" ಅಂದರು. ಬಿದ್ದಿದ್ದು ಮೆಟ್ಟಿಲ ಮೇಲೆ! ಆಮೇಲೆ ಬಿಪಿ ನೋಡಿ ಜಾಸ್ತಿ ಇದೆ ಅಂತ ಹೆದರಿಸಿದರು.

ಕೋಲಾರದ ಸಿಸ್ಟರ್:
ಅದನ್ನು ಹೇಳಬೇಕು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಬಿಪಿ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ದೊಡ್ಡ ಪಟ್ಟಿ ಬೇರೆ ಸಿಗುತ್ತದೆ, ಎಷ್ಟೋ ಕಡೆ ತರಿಸಿಟ್ಟಿರಲ್ಲ. ಮುಂದಿನ ಸಲ "ದೊಡ್ಡ ಪಟ್ಟಿ ಇದೆಯಾ" ಅಂತ ಕೇಳು, ಸಂಕೋಚ ಬೇಡ. ತೂಕದ ಬಗ್ಗೆ ಹತ್ತು ಸಲ ಬೈಯುವ ಬದಲು ಇದೊಂದನ್ನು ಸರಿ ಮಾಡಿದರೆ, ಬೈಸಿಕೊಳ್ಳುವ ಭಯಕ್ಕೆ ಆಸ್ಪತ್ರೆ ಕಡೆ ತಲೆ ಹಾಕದವರು ಬರುತ್ತಾರೆ. ತಡವಾಗಿ ಬಂದು ಕಾಲಿನ ಗಾಯ ಕೆಟ್ಟಿರುವವರನ್ನು ನೋಡಿ ನೋಡಿ ಹೇಳ್ತಿದ್ದೀನಿ.

ಬಂಗಾರಪೇಟೆ ಹೈದ:
ಅದು ಸರಿ, ಆದರೆ ದಿನಾ ವಾಕಿಂಗ್ ಹೋದರೆ ಮಾತೇ ಬರಲ್ಲ ಅಲ್ವಾ? ನಿಮ್ಮ ತುಮಕೂರಲ್ಲಿ ಅಮಾನಿಕೆರೆ ಇದೆ.

ಕ್ಯಾತ್ಸಂದ್ರದ ಹುಡುಗಿ:
ಹೋಗಿದ್ದೆ ಕಣಪ್ಪಾ. ಹಿಂದಿನಿಂದ ಹುಡುಗರು "ಭೂಕಂಪ, ಭೂಕಂಪ" ಅಂತ ಕೂಗಿದರು. ತೂಕ ಇಳಿಸು ಅನ್ನುವವರೂ ಅವರೇ, ಇಳಿಸೋಕೆ ಬಂದರೆ ನಗುವವರೂ ಅವರೇ. ಈಗ ಬೆಳಕು ಹರಿಯೋಕೆ ಮುಂಚೆ ನಾಲ್ಕೈದು ಜನ ಹೆಂಗಸರು ಸೇರಿ ಹೋಗ್ತೀವಿ. ನಡೆದರೆ ರಾತ್ರಿ ಚೆನ್ನಾಗಿ ನಿದ್ದೆ ಬರುತ್ತದೆ, ತೂಕ ಮಾತ್ರ ಅಲ್ಲೇ ಇದೆ.

ಕೋಲಾರದ ಸಿಸ್ಟರ್:
ತೂಕ ಇಳಿಯದಿದ್ದರೂ ನಡಿಗೆಯಿಂದ ಶುಗರ್, ಬಿಪಿ ಎರಡಕ್ಕೂ ಒಳ್ಳೆಯದೇ. ಬಿಡಬೇಡ.

ಶಿರಾ ಮೇಷ್ಟ್ರು:
ಕೂಗಿದ ಹುಡುಗರದು ತಪ್ಪು, ಒಪ್ಪಿದೆ. ಆದರೂ ಮನೆಯವರು ಒಂದು ಮಾತೂ ಆಡಬಾರದು ಅನ್ನುವುದನ್ನು ಒಪ್ಪಲ್ಲ. ನನ್ನ ಮಗಳ ಬಯೋಡೇಟಾದಲ್ಲಿ ತೂಕ ಬರೆಯಿರಿ ಅಂತ ಬ್ರೋಕರ್ ಕೇಳ್ತಿದ್ದಾನೆ. ನಾನು ಬರೆಯದಿದ್ದರೆ ಸಂಬಂಧ ಮುಂದಕ್ಕೆ ಹೋಗಲ್ಲ. ಇದಕ್ಕೇನು ಹೇಳ್ತೀರಿ?

ಗೌರಿಬಿದನೂರು ಕಡ್ಡಿ ಪೈಲ್ವಾನ್:
ಗಂಡಿನ ಶುಗರ್ ರಿಪೋರ್ಟ್ ತರಿಸಿ ಅನ್ನಿ ಸರ್, ಬ್ರೋಕರ್ ಆಮೇಲೆ ಫೋನ್ ಎತ್ತಲ್ಲ.